ಗುಟ್ಟು ಬಿಡದ ಬೀಗ: ಸೈಡ್‌ಬಾರ್ ಮತ್ತು ಅದರ ಕೀಲಿಕೈ

ಎಲ್ಲರಿಗೂ ನಮಸ್ಕಾರ.

ಗಟ್ಟಿ ಬೀಗ ಎಂದ ಕೂಡಲೇ ದಪ್ಪ ಉಕ್ಕು, ಭಾರವಾದ ಕೊಂಡಿ ಕಣ್ಣ ಮುಂದೆ ಬರುತ್ತವೆ. ಸುತ್ತಿಗೆ ಹಿಡಿದು ಬರುವವನನ್ನು ತಡೆಯಲು ಅವು ಬೇಕೇ ಬೇಕು. ಆದರೆ ಒಂದು ಗೀರೂ ಬೀಳದಂತೆ ತೆರೆದು ಹೋಗುವವನಿಗೆ ಉಕ್ಕಿನ ದಪ್ಪ ಲೆಕ್ಕಕ್ಕಿಲ್ಲ. ಅವನಿಗೆ ಬೇಕಾಗಿರುವುದು ಮಾಹಿತಿ. ಸಾಮಾನ್ಯ ಬೀಗ ಅದನ್ನು ಧಾರಾಳವಾಗಿ ಕೊಟ್ಟುಬಿಡುತ್ತದೆ. ಹೇಗೆ ಕೊಡುತ್ತದೆ, ಮತ್ತು ಸೈಡ್‌ಬಾರ್ ಎಂಬ ಸಣ್ಣ ಲೋಹದ ಪಟ್ಟಿ ಅದನ್ನು ಹೇಗೆ ತಡೆಯುತ್ತದೆ ಎಂಬುದೇ ಇಂದಿನ ಮಾತು.

ಮನೆಬಾಗಿಲುಗಳಲ್ಲಿ ಹೆಚ್ಚಾಗಿ ಕಾಣುವ ಪಿನ್ ಟಂಬ್ಲರ್ ಬೀಗಕ್ಕೆ ಈಗಿನ ಚಪ್ಪಟೆ ಕೀಲಿಕೈಯ ರೂಪ ಕೊಟ್ಟವರು ಅಮೆರಿಕದ ಲೈನಸ್ ಯೇಲ್ ಜೂನಿಯರ್, 1860ರ ದಶಕದಲ್ಲಿ. ಹೊರಗೆ ಅಲುಗಾಡದ ಕವಚ, ಒಳಗೆ ತಿರುಗುವ ಉರುಳೆ. ಎರಡಕ್ಕೂ ಅಡ್ಡವಾಗಿ ಐದಾರು ರಂಧ್ರಗಳು. ಪ್ರತಿ ರಂಧ್ರದಲ್ಲಿ ಒಂದರ ಮೇಲೊಂದು ಕುಳಿತ ಎರಡು ಪಿನ್ನುಗಳು, ಮೇಲಿನಿಂದ ಒತ್ತುವ ಒಂದು ಸ್ಪ್ರಿಂಗ್. ಸರಿಯಾದ ಕೀಲಿಕೈ ಒಳಗೆ ಹೋದಾಗ ಪ್ರತಿ ಜೋಡಿಯ ಸಂದು ಉರುಳೆ ಮತ್ತು ಕವಚ ಕೂಡುವ ಗೆರೆಗೆ ಬಂದು ನಿಲ್ಲುತ್ತದೆ, ಉರುಳೆ ತಿರುಗುತ್ತದೆ.

ಐದು ಪಿನ್, ಪ್ರತಿಯೊಂದಕ್ಕೂ ಆರು ಎತ್ತರ ಎಂದಿಟ್ಟುಕೊಳ್ಳಿ. ಒಟ್ಟು 7,776 ಜೋಡಣೆಗಳಾಗುತ್ತವೆ. ಎಲ್ಲವನ್ನೂ ಒಂದೊಂದಾಗಿ ಪ್ರಯತ್ನಿಸುವ ತಾಳ್ಮೆ ಯಾರಿಗೂ ಇಲ್ಲ, ಅದರ ಅಗತ್ಯವೂ ಇಲ್ಲ. ಯಾವ ಕಾರ್ಖಾನೆಯಲ್ಲೂ ಐದು ರಂಧ್ರಗಳನ್ನು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ಸಾಲಿನಲ್ಲಿ ಕೊರೆಯಲಾಗುವುದಿಲ್ಲ. ಉರುಳೆಯನ್ನು ಮೆಲ್ಲಗೆ ತಿರುಗಿಸಲು ನೋಡಿದರೆ ಯಾವುದೋ ಒಂದು ಪಿನ್ ಮಾತ್ರ ಮೊದಲು ಬಿಗಿಯಾಗುತ್ತದೆ. ಅದನ್ನು ಸರಿಯಾದ ಎತ್ತರಕ್ಕೆ ಏರಿಸಿದೊಡನೆ ಉರುಳೆ ತುಸು ಜರುಗಿ ಬೆರಳಿಗೆ ಸುಳಿವು ಸಿಗುತ್ತದೆ. ಆಮೇಲೆ ಮುಂದಿನ ಪಿನ್. ಹೀಗೆ ಒಂದೊಂದನ್ನೇ ಬಿಡಿಯಾಗಿ ವಿಚಾರಿಸಲು ಬಂದರೆ ಐದು ಸಲ ಆರು, ಹೆಚ್ಚೆಂದರೆ 30 ಪ್ರಯತ್ನಗಳಲ್ಲಿ ಕೆಲಸ ಮುಗಿಯುತ್ತದೆ. ಏಳು ಸಾವಿರವನ್ನು ಮೂವತ್ತಕ್ಕೆ ಇಳಿಸುವುದೇ ಬೀಗ ಬಿಡಿಸುವ ವಿದ್ಯೆಯ ತಿರುಳು.

ಈ ವಿದ್ಯೆ ಹೊಸದಲ್ಲ. 1851ರ ಲಂಡನ್ ಮಹಾ ಪ್ರದರ್ಶನದ ಸಮಯದಲ್ಲಿ ಅಮೆರಿಕದ ಎ. ಸಿ. ಹಾಬ್ಸ್, ಅಭೇದ್ಯವೆಂದು ಹೆಸರಾಗಿದ್ದ ಚಬ್ ಬೀಗವನ್ನು ಸುಮಾರು 25 ನಿಮಿಷಗಳಲ್ಲಿ ತೆರೆದರು. ತೆರೆದವರಿಗೆ 200 ಗಿನಿ ಬಹುಮಾನ ಎಂದು ದಶಕಗಳ ಕಾಲ ಸವಾಲು ಹಾಕುತ್ತ ನಿಂತಿದ್ದ ಬ್ರಾಮಾ ಬೀಗ ಹೆಚ್ಚು ಕಾಡಿತು. 16 ದಿನಗಳಲ್ಲಿ ಹರಡಿದ ಐವತ್ತಕ್ಕೂ ಹೆಚ್ಚು ಗಂಟೆಗಳ ಕೆಲಸ, ಆದರೂ ತೆರೆಯಿತು. ಒತ್ತಡ ಹಾಕು, ಯಾವ ಭಾಗ ಬಿಗಿಯಾಯಿತೋ ಅದನ್ನು ಹುಡುಕು: ಎರಡೂ ಕಡೆ ಹಿಡಿದ ದಾರಿ ಇದೇ.

ಸಾಮಾನ್ಯ ಬೀಗದ ದೋಷ ಎಲ್ಲಿದೆ ಎಂದು ಈಗ ಹೇಳಬಹುದು. ಅಲ್ಲಿ ಒಂದೇ ಪಿನ್ ಎರಡು ಕೆಲಸ ಮಾಡುತ್ತಿದೆ. ಕೀಲಿಕೈ ಸರಿಯೇ ಎಂದು ಪರೀಕ್ಷಿಸುವುದೂ ಅದೇ, ತಿರುಗುವ ಉರುಳೆಯ ಬಲಕ್ಕೆ ಎದೆಯೊಡ್ಡಿ ತಡೆಯುವುದೂ ಅದೇ. ಬಲ ತನ್ನ ಮೇಲೆ ಬಿದ್ದಾಗ ಅದು ಬಿಗಿಯಾಗುತ್ತದೆ, ಬಿಗಿಯಾದಾಗ ಗುಟ್ಟು ಬಿಡುತ್ತದೆ. ಪರೀಕ್ಷೆಯನ್ನು ಒಬ್ಬರಿಗೂ ತಡೆಯುವ ಕೆಲಸವನ್ನು ಇನ್ನೊಬ್ಬರಿಗೂ ಹಂಚಿದರೆ? ಆ ಎರಡನೆಯವನೇ ಸೈಡ್‌ಬಾರ್.

ಉರುಳೆಯ ಪಕ್ಕದಲ್ಲಿ ಉದ್ದಕ್ಕೂ ಒಂದು ಸೀಳು. ಅದರೊಳಗೆ ಒಂದು ಲೋಹದ ಪಟ್ಟಿ. ಸಣ್ಣ ಸ್ಪ್ರಿಂಗುಗಳು ಅದನ್ನು ಹೊರಕ್ಕೆ ತಳ್ಳುತ್ತವೆ. ಪಟ್ಟಿಯ ಹೊರ ಅಂಚು ಎರಡೂ ಕಡೆ ಇಳಿಜಾರು. ಕವಚದ ಒಳಗೋಡೆಯಲ್ಲಿ ಅದೇ ಆಕಾರದ ಉದ್ದನೆಯ ತೋಡು. ಉರುಳೆಯನ್ನು ತಿರುಗಿಸಲು ಹೋದಾಗ ತೋಡಿನ ಇಳಿಜಾರು ಪಟ್ಟಿಯನ್ನು ಒಳಕ್ಕೆ ನೂಕುತ್ತದೆ. ಒಳಗಿರುವ ಪಿನ್ ಅಥವಾ ಬಿಲ್ಲೆಗಳ ಪಕ್ಕದಲ್ಲಿ ಕೊರೆದ ಕಚ್ಚುಗಳೆಲ್ಲ ಪಟ್ಟಿಯ ಎದುರಿಗೆ ಸಾಲಾಗಿ ನಿಂತಿದ್ದರೆ ಪಟ್ಟಿ ಅವುಗಳೊಳಗೆ ಇಳಿದು ದಾರಿ ಬಿಡುತ್ತದೆ. ಒಂದು ಕಚ್ಚು ತಪ್ಪಿದರೂ ಇಳಿಯದು.

ಇದನ್ನು ಸಾಕಷ್ಟು ಹಿಂದೆಯೇ ದೊಡ್ಡ ಪ್ರಮಾಣದಲ್ಲಿ ಬಳಸಿದ್ದು ಕಾರಿನ ಬೀಗಗಳಲ್ಲಿ. ಬ್ರಿಗ್ಸ್ ಅಂಡ್ ಸ್ಟ್ರ್ಯಾಟನ್ ತಯಾರಿಸಿದ ಸೈಡ್‌ಬಾರ್ ಬೀಗಗಳು 1930ರ ದಶಕದಲ್ಲೇ ಜನರಲ್ ಮೋಟರ್ಸ್ ಕಾರುಗಳಿಗೆ ಬಂದವು. ಅವು ಅಗ್ಗದ, ಸರಳ ಬೀಗಗಳು. ಪಟ್ಟಿ ಇದ್ದ ಮಾತ್ರಕ್ಕೆ ಬೀಗ ಭಾರಿ ಭದ್ರತೆಯದಾಗುವುದಿಲ್ಲ ಎಂಬುದಕ್ಕಾಗಿ ಇದನ್ನು ಹೇಳಿದೆ.

ನನಗೆ ಬಹಳ ಪ್ರಿಯವಾದ ವಿನ್ಯಾಸ ಮೆಡೆಕೋ, 1960ರ ದಶಕದ ಕೊನೆಯಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಹುಟ್ಟಿದ್ದು. ಅದರ ಕೀಲಿಕೈಯನ್ನು ಬೆಳಕಿಗೆ ಹಿಡಿದು ನೋಡಿ. ಸಾಮಾನ್ಯ ಕೀಲಿಕೈಯಲ್ಲಿ ಕಚ್ಚುಗಳು ಅಲಗಿಗೆ ನೆಟ್ಟಗೆ ಅಡ್ಡವಾಗಿರುತ್ತವೆ. ಇಲ್ಲಿ ಒಂದು ಕಚ್ಚು ಎಡಕ್ಕೆ ಓರೆ, ಇನ್ನೊಂದು ಬಲಕ್ಕೆ ಓರೆ, ಮತ್ತೊಂದು ನೇರ. ಓರೆ 20 ಡಿಗ್ರಿಯಷ್ಟು. ಬೀಗದೊಳಗಿನ ಪಿನ್ನುಗಳ ತುದಿ ಉಳಿಯ ಬಾಯಿಯಂತೆ ಚೂಪು. ಓರೆ ಕಚ್ಚಿನಲ್ಲಿ ಕುಳಿತ ಪಿನ್ ಮೇಲೇರುವುದರ ಜೊತೆಗೆ ತನ್ನ ಸುತ್ತಲೇ ತುಸು ತಿರುಗುತ್ತದೆ. ಪಿನ್ನಿನ ಮೈಯಲ್ಲಿ ಉದ್ದಕ್ಕೆ ಒಂದು ಗೀರುಗಚ್ಚು. ಪಟ್ಟಿಯಲ್ಲಿ ಪ್ರತಿ ಪಿನ್ನಿಗೆ ಒಂದೊಂದು ಹಲ್ಲು. ಎಲ್ಲ ಪಿನ್ನುಗಳೂ ಸರಿಯಾದ ಕೋನಕ್ಕೆ ತಿರುಗಿದಾಗ ಮಾತ್ರ ಹಲ್ಲುಗಳು ಒಳಗೆ ಹೋಗುತ್ತವೆ.

ಇಲ್ಲಿ ಪಿನ್ನುಗಳು ಹಳೆಯ ಕೆಲಸವನ್ನು ಬಿಟ್ಟಿಲ್ಲ, ಎತ್ತರವೂ ಸರಿಯಿರಬೇಕು. ಒಂದೇ ದೇಹದಲ್ಲಿ ಎರಡು ಬೀಗಗಳಿವೆ, ಎರಡೂ ಒಟ್ಟಿಗೆ ಒಪ್ಪಬೇಕು. ಆರು ಪಿನ್, ಆರು ಎತ್ತರ, ಮೂರು ಕೋನ ಎಂದರೆ ಕಾಗದದ ಮೇಲೆ 3 ಕೋಟಿ 40 ಲಕ್ಷ ಜೋಡಣೆಗಳು. ಆಳವಾದ ಕಚ್ಚಿನ ಪಕ್ಕದಲ್ಲೇ ತೀರಾ ಮೇಲಿನ ಕಚ್ಚನ್ನು ಕೊರೆಯಲಾಗದ ಕಾರಣ ನಿಜವಾದ ಸಂಖ್ಯೆ ಕಡಿಮೆ. ಆದರೆ ಸಂಖ್ಯೆಗಿಂತ ಮುಖ್ಯವಾದದ್ದು ಗೊಂದಲ: ಪಿನ್ ಬಿಗಿಯಾಗಿದೆ ಎಂದು ಗೊತ್ತಾದರೂ ಅದು ಎತ್ತರದ ದೋಷವೋ ಕೋನದ ದೋಷವೋ ಎಂದು ಬೆರಳು ಹೇಳಲಾರದು. ಕೆಲವು ಪಿನ್ನುಗಳಿಗೆ ಅರ್ಧ ಆಳದ ಸುಳ್ಳು ಕಚ್ಚನ್ನೂ ಕೊರೆದಿರುತ್ತಾರೆ. ಹಲ್ಲು ಅದರಲ್ಲಿ ಸಿಕ್ಕಿಕೊಂಡರೆ ಗೆದ್ದೆ ಎಂದೇ ಅನಿಸುತ್ತದೆ.

ಫಿನ್ಲೆಂಡಿನ ಅಬ್ಲಾಯ್ ಬೇರೆಯೇ ದಾರಿ ಹಿಡಿಯಿತು. 1907ರಲ್ಲಿ ಎಮಿಲ್ ಹೆನ್ರಿಕ್ಸನ್ ಕಲ್ಪಿಸಿದ ಈ ಬೀಗದಲ್ಲಿ ಪಿನ್ನುಗಳೇ ಇಲ್ಲ. ಒಂದರ ಹಿಂದೊಂದು ನಿಂತ ಬಿಲ್ಲೆಗಳಿವೆ. ಹಳೆಯ ಮಾದರಿಯ ಕೀಲಿಕೈ ಅರ್ಧ ಸೀಳಿದ ಸರಳಿನ ಹಾಗಿದ್ದು, ಅದರ ಕಚ್ಚುಗಳನ್ನು 18 ಡಿಗ್ರಿಯ ಹೆಜ್ಜೆಗಳಲ್ಲಿ ಕೊರೆಯಲಾಗುತ್ತದೆ. ಕೀಲಿಕೈ ತಿರುಗಿದಂತೆ ಪ್ರತಿ ಬಿಲ್ಲೆಯೂ ತನ್ನ ಪಾಲಿನಷ್ಟು ತಿರುಗಿ, ಎಲ್ಲ ಕಚ್ಚುಗಳೂ ಸಾಲಾದಾಗ ಪಟ್ಟಿ ಬೀಳುತ್ತದೆ. ಬಿಲ್ಲೆಗಳನ್ನು ಒತ್ತುವ ಸ್ಪ್ರಿಂಗುಗಳಿಲ್ಲ. ಹಾಗಾಗಿ ಹಿಮಕ್ಕೂ ಧೂಳಿಗೂ ಇದು ಸುಲಭವಾಗಿ ಸೋಲುವುದಿಲ್ಲ, ಕೀಲಿಕೈಗೆ ಪೆಟ್ಟು ಕೊಟ್ಟು ಪಿನ್ನುಗಳನ್ನು ಜಿಗಿಸುವ ತಂತ್ರವೂ ಇದರ ಮುಂದೆ ನಡೆಯುವುದಿಲ್ಲ. 2001ರಲ್ಲಿ ಬಂದ ಅದೇ ಕಂಪನಿಯ ಪ್ರೊಟೆಕ್ ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು: ಪಟ್ಟಿಯ ಮೇಲೆ ಬಲ ಬೀಳುವ ಮೊದಲೇ ಬಿಲ್ಲೆಗಳು ಇದ್ದಲ್ಲೇ ಬಂಧಿಯಾಗುತ್ತವೆ. ಬಲ ಹಾಕಿದರೆ ಬಿಲ್ಲೆ ಅಲುಗದು, ಬಿಲ್ಲೆ ಅಲುಗುವಾಗ ಬಲ ತಲುಪದು. ವಿಚಾರಣೆಗೇ ಅವಕಾಶವಿಲ್ಲ. ಪರೀಕ್ಷೆ ಮತ್ತು ತಡೆಯನ್ನು ಇಷ್ಟು ಶುದ್ಧವಾಗಿ ಬೇರ್ಪಡಿಸಿದ ಯಂತ್ರವನ್ನು ನೋಡಿದಾಗ ನನಗೆ ನಿಜವಾದ ಸಂತೋಷವಾಗುತ್ತದೆ.

ಷ್ಲೇಜ್ ಪ್ರೈಮಸ್ ಮತ್ತು ಅಸ್ಸಾ ಟ್ವಿನ್ ಬೀಗಗಳಲ್ಲಿ ಮೇಲಿನ ಪಿನ್ನುಗಳು ಮಾಮೂಲು. ಕೀಲಿಕೈಯ ಪಕ್ಕದ ಮೈಯಲ್ಲಿ ಕೊರೆದ ಎರಡನೇ ಸಾಲಿನ ಏರಿಳಿತ ಪಕ್ಕದ ಪುಟ್ಟ ಪಿನ್ನುಗಳನ್ನು ನಡೆಸುತ್ತದೆ, ಅವು ಸೈಡ್‌ಬಾರನ್ನು ಕಾಯುತ್ತವೆ. ಇಲ್ಲೊಂದು ಎಚ್ಚರಿಕೆ. ಪಕ್ಕದ ಸಾಲಿನ ವಿನ್ಯಾಸವನ್ನು ಎಷ್ಟೋ ಸಲ ಒಂದು ವಿತರಕರಿಗೆ ಅಥವಾ ಒಂದು ಪ್ರದೇಶಕ್ಕೆ ಒಂದೇ ಎಂದು ಹಂಚಿರುತ್ತಾರೆ. ಹಾಗಿದ್ದಲ್ಲಿ ಅದೇ ಮೂಲದ ಇನ್ನೊಂದು ಕೀಲಿಕೈ ಕೈಗೆ ಸಿಕ್ಕವನಿಗೆ ಅರ್ಧ ಬೀಗ ಆಗಲೇ ತೆರೆದಂತೆ. ಉಳಿಯುವುದು ಯೇಲ್ ಕಾಲದ ಬೀಗ. ಆಸ್ಟ್ರಿಯದ ಇವಿವಿಎ ಕಂಪನಿಯ ಎಂಸಿಎಸ್ ಬೀಗದಲ್ಲಂತೂ ಕೀಲಿಕೈಯಲ್ಲಿ ಹುದುಗಿಸಿದ ಆಯಸ್ಕಾಂತಗಳೇ ಒಳಗಿನ ಚಕ್ರಗಳನ್ನು ತಿರುಗಿಸಿ ಪಟ್ಟಿಗೆ ದಾರಿ ಮಾಡುತ್ತವೆ.

ಇಷ್ಟೆಲ್ಲ ಆದ ಮೇಲೆ ಕಳ್ಳನಿಗೆ ಉಳಿಯುವ ಸುಲಭದ ದಾರಿ ನಕಲಿ ಕೀಲಿಕೈ. ಆದ್ದರಿಂದಲೇ ಈ ಕಂಪನಿಗಳು ಕೊರೆಯದ ಖಾಲಿ ಕೀಲಿಕೈಗಳನ್ನು ಪೇಟೆಯಲ್ಲಿ ಮುಕ್ತವಾಗಿ ಬಿಡುವುದಿಲ್ಲ. ಬೀಗದ ಜೊತೆ ಒಂದು ಕಾರ್ಡ್ ಕೊಟ್ಟು, ಅದನ್ನು ತೋರಿಸಿದವರಿಗೆ ಮಾತ್ರ ಅಧಿಕೃತ ಅಂಗಡಿಯಲ್ಲಿ ಇನ್ನೊಂದು ಕೀಲಿಕೈ ಮಾಡಿಕೊಡುವ ವ್ಯವಸ್ಥೆ ಇಟ್ಟಿವೆ. ಇದರ ಬೆನ್ನೆಲುಬು ಪೇಟೆಂಟ್. ಅದರ ಆಯುಷ್ಯ ಸಾಮಾನ್ಯವಾಗಿ 20 ವರ್ಷ. ಅವಧಿ ಮುಗಿದ ಮೇಲೆ ಬೇರೆಯವರೂ ಖಾಲಿ ಕೀಲಿಕೈ ತಯಾರಿಸಬಹುದು. ಕಂಪನಿಗಳು ಆಗಾಗ ಹೊಸ ಮಾದರಿ ತರುವುದಕ್ಕೆ ಇದೂ ಒಂದು ದೊಡ್ಡ ಕಾರಣ. 2013ರಲ್ಲಿ ಅಮೆರಿಕದ ಎಂಐಟಿಯ ಇಬ್ಬರು ವಿದ್ಯಾರ್ಥಿಗಳು ಪ್ರೈಮಸ್ ಕೀಲಿಕೈಯನ್ನು 3ಡಿ ಮುದ್ರಣದಲ್ಲಿ ತಯಾರಿಸಬಹುದೆಂದು ತೋರಿಸಿದರು. ಖಾಲಿ ಕೀಲಿಕೈಯನ್ನು ಬಚ್ಚಿಟ್ಟು ಕಾಪಾಡುವ ಗೋಡೆ ಅಂದಿನಿಂದ ತೆಳುವಾಗಿದೆ.

ಇಂಥ ಬೀಗ ಕೊಳ್ಳುವವರು ಅಂಗಡಿಯಲ್ಲಿ ಮೂರು ಪ್ರಶ್ನೆ ಕೇಳಬೇಕೆಂದು ನನ್ನ ಆಗ್ರಹ: ಪೇಟೆಂಟ್ ಯಾವ ವರ್ಷ ಮುಗಿಯುತ್ತದೆ, ಸೈಡ್‌ಬಾರಿನ ವಿನ್ಯಾಸ ನನಗೊಬ್ಬನಿಗೋ ಹತ್ತಾರು ಜನರಿಗೋ, ಕಾರ್ಡ್ ಇಲ್ಲದೆ ಬಂದವರಿಗೆ ನೀವು ಕೀಲಿಕೈ ಕೊರೆದುಕೊಡುತ್ತೀರಾ. ಮನೆಗೆ ತಂದ ಮೇಲೆ ಕಾರ್ಡನ್ನು ಕೀಲಿಕೈಯಿಂದ ಬೇರೆಡೆ ಇಡಿ. ಕೀಲಿಕೈಯ ಚಿತ್ರವನ್ನು ಯಾರಿಗೂ ಕಳುಹಿಸಬೇಡಿ. ಕಚ್ಚಿನ ಆಳವನ್ನೂ ಓರೆಯನ್ನೂ ಸ್ಪಷ್ಟವಾದ ಒಂದು ಚಿತ್ರದಿಂದಲೇ ಅಳೆಯಬಹುದು. ಕೀಲಿಕೈ ಕಳೆದುಹೋದರೆ ಇಡೀ ಬೀಗ ಎಸೆಯುವ ಅಗತ್ಯವಿಲ್ಲ. ಅಧಿಕೃತ ಕೆಲಸಗಾರರು ಉರುಳೆಯನ್ನು ಹೊರತೆಗೆದು, ಪಿನ್ನುಗಳನ್ನು ಬದಲಿಸಿ, ಹೊಸ ಕೀಲಿಕೈಗೆ ಹೊಂದಿಸಿಕೊಡುತ್ತಾರೆ.