ಒರಟಾಟಕ್ಕೆ ಕೋಚ್ ಹೊಣೆಯಲ್ವಾ?

ವೇದಿಕೆಯಲ್ಲಿರುವ ಹಿರಿಯರಿಗೆ, ಬೇರೆ ಬೇರೆ ಕಾಲೇಜುಗಳಿಂದ ಬಂದಿರುವ ದೈಹಿಕ ಶಿಕ್ಷಣ ನಿರ್ದೇಶಕರಿಗೆ, ಮುಂದಿನ ಸಾಲಿನಲ್ಲಿ ಕೂತಿರುವ ಆಟಗಾರ್ತಿಯರಿಗೆ ನಮಸ್ಕಾರ.

ಇವತ್ತು ನಾನು ಅಮೆರಿಕದ ಕಾಲೇಜು ಹುಡುಗಿಯರ ಬಾಸ್ಕೆಟ್‌ಬಾಲ್ ಬಗ್ಗೆ ಮಾತಾಡುತ್ತೇನೆ. ಅಲ್ಲಿಯ ಕಾಲೇಜು ಆಟದಲ್ಲಿ ದುಡ್ಡು ಜಾಸ್ತಿ, ಕ್ಯಾಮೆರಾ ಜಾಸ್ತಿ, ನಿಯಮಗಳೂ ಜಾಸ್ತಿ. ಅಂಕಣದಲ್ಲಿ ಏನೇ ನಡೆದರೂ ಅದು ದಾಖಲಾಗುತ್ತದೆ. 2024ರ ಏಪ್ರಿಲ್‌ನಲ್ಲಿ ಹುಡುಗಿಯರ ಫೈನಲನ್ನು ಟಿವಿಯಲ್ಲಿ 1.8 ಕೋಟಿಗೂ ಹೆಚ್ಚು ಜನ ನೋಡಿದರು. ಅದೇ ವರ್ಷದ ಹುಡುಗರ ಫೈನಲ್‌ಗಿಂತ ಇದು ಹೆಚ್ಚು. ಹಾಗಾಗಿದ್ದು ಅದೇ ಮೊದಲು. ಇಷ್ಟು ಜನ ನೋಡುವ ಆಟದಲ್ಲಿ ಒಬ್ಬ ಹುಡುಗಿ ಇನ್ನೊಬ್ಬಳನ್ನು ಹೊಡೆದರೆ ಆ ಹುಡುಗಿಯ ಮುಖವನ್ನು ದೇಶವೆಲ್ಲ ನೋಡುತ್ತದೆ. ಅವಳಿಗೆ ಆಟ ಕಲಿಸಿದ ಕೋಚ್ ಎಲ್ಲಿದ್ದರು, ಏನು ಮಾಡಿದರು ಅಂತ ಕೇಳುವವರು ಕಡಿಮೆ. ನಾನು ಅದನ್ನೇ ಕೇಳಬೇಕು ಅಂದುಕೊಂಡಿದ್ದೇನೆ.

2010ರ ಮಾರ್ಚ್ 3ರ ಪಂದ್ಯ. ಟೆಕ್ಸಸ್ ರಾಜ್ಯದ ಲಬಕ್ ಊರಿನಲ್ಲಿ ಬೇಯ್ಲರ್ ಮತ್ತು ಟೆಕ್ಸಸ್ ಟೆಕ್ ವಿಶ್ವವಿದ್ಯಾಲಯಗಳು ಆಡುತ್ತಿದ್ದವು. ಬೇಯ್ಲರ್ ತಂಡದಲ್ಲಿ ಬ್ರಿಟ್ನಿ ಗ್ರೈನರ್ ಇದ್ದರು. 6 ಅಡಿ 8 ಇಂಚು ಎತ್ತರ, 19 ವರ್ಷ ವಯಸ್ಸು, ಕಾಲೇಜಿನಲ್ಲಿ ಮೊದಲ ವರ್ಷ. ರಿಂಗ್ ಹತ್ತಿರ ಜಾಗಕ್ಕಾಗಿ ಎಳೆದಾಟ ಆಯಿತು. ಎದುರಾಳಿ ಹುಡುಗಿ ಹಿಡಿದು ಜಗ್ಗಿದಳು. ಗ್ರೈನರ್ ಅವಳ ಕಡೆ ನಡೆದು ಹೋಗಿ ಮುಖಕ್ಕೆ ಗುದ್ದಿದರು. ಆ ಹುಡುಗಿಯ ಮೂಗಿನ ಮೂಳೆ ಮುರಿಯಿತು.

ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವುದು ಎನ್‌ಸಿಎಎ. ಹೊಡೆದಾಡಿದವರು ಆ ಪಂದ್ಯದಿಂದ ಹೊರಗೆ, ಮುಂದಿನ ಪಂದ್ಯಕ್ಕೂ ಇಲ್ಲ ಅಂತ ಅದರ ನಿಯಮ ಹೇಳುತ್ತದೆ. ಬೇಯ್ಲರ್ ಕೋಚ್ ಕಿಮ್ ಮಲ್ಕಿ ಅಷ್ಟಕ್ಕೇ ಬಿಡಲಿಲ್ಲ. ಇನ್ನೂ ಒಂದು ಪಂದ್ಯ ಅವರೇ ಸೇರಿಸಿದರು. ಋತು ಮುಗಿಯುವ ಹೊತ್ತು ಅದು, ಮುಂದೆ ರಾಷ್ಟ್ರೀಯ ಟೂರ್ನಿ ಇತ್ತು. ತನ್ನ ತಂಡದ ಅತಿ ದೊಡ್ಡ ಆಟಗಾರ್ತಿಯನ್ನು ಯಾರೂ ಕೇಳದೇ ಇದ್ದರೂ ಹೊರಗೆ ಕೂರಿಸುವುದು ಸಣ್ಣ ಮಾತಲ್ಲ. ನಾನು ಅವತ್ತಿನ ಮಲ್ಕಿಯವರನ್ನು ಗೌರವಿಸುತ್ತೇನೆ.

ಈಗ 2024ರ ಮಾರ್ಚ್ 10ಕ್ಕೆ ಬನ್ನಿ. ಸೌತ್ ಕ್ಯಾರೊಲಿನಾದ ಗ್ರೀನ್‌ವಿಲ್ ಊರಿನಲ್ಲಿ ಎಸ್‌ಇಸಿ ಟೂರ್ನಿಯ ಫೈನಲ್. ಎಸ್‌ಇಸಿ ಅಂದರೆ ಅಮೆರಿಕದ ಆಗ್ನೇಯ ಭಾಗದ ವಿಶ್ವವಿದ್ಯಾಲಯಗಳ ಒಕ್ಕೂಟ. ಒಂದು ಕಡೆ ಡಾನ್ ಸ್ಟೇಲಿ ಕೋಚ್ ಆಗಿರುವ ಸೌತ್ ಕ್ಯಾರೊಲಿನಾ ವಿಶ್ವವಿದ್ಯಾಲಯ. ಇನ್ನೊಂದು ಕಡೆ ಎಲ್‌ಎಸ್‌ಯು, ಅಂದರೆ ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯ. ಅದರ ಕೋಚ್ ಅದೇ ಕಿಮ್ ಮಲ್ಕಿ. ಕೊನೆಯ ಎರಡು ನಿಮಿಷ ಚಿಲ್ಲರೆ ಉಳಿದಿತ್ತು. ಎಲ್‌ಎಸ್‌ಯುನ ಫ್ಲಾಜೆ ಜಾನ್ಸನ್ ಒಂದು ಇಂಟೆನ್ಷನಲ್ ಫೌಲ್, ಅಂದರೆ ಬೇಕಂತಲೇ ಮಾಡಿದ್ದು ಅಂತ ರೆಫರಿ ತೀರ್ಮಾನಿಸುವ ಫೌಲ್, ಮಾಡಿದರು. ಮಾತಿಗೆ ಮಾತು ಬೆಳೆಯಿತು. ಜಾನ್ಸನ್ ನಡೆದು ಹೋಗುತ್ತಾ ಸೌತ್ ಕ್ಯಾರೊಲಿನಾದ ಹುಡುಗಿಯೊಬ್ಬಳಿಗೆ ಭುಜ ತಾಗಿಸಿದರು. ಹಿಂದಿನಿಂದ ಬಂದ ಕಮಿಲಾ ಕಾರ್ಡೊಸೊ ಜಾನ್ಸನ್ ಅವರನ್ನು ಜೋರಾಗಿ ತಳ್ಳಿದರು. ಕಾರ್ಡೊಸೊ 6 ಅಡಿ 7 ಇಂಚು, ಜಾನ್ಸನ್ 5 ಅಡಿ 10 ಇಂಚು. ಜಾನ್ಸನ್ ನೆಲಕ್ಕೆ ಬಿದ್ದರು. ಎರಡೂ ಬೆಂಚುಗಳಿಂದ ಆಟಗಾರ್ತಿಯರು ಒಳಗೆ ಓಡಿಬಂದರು. ಜಾನ್ಸನ್ ಅವರ ಅಣ್ಣ ಪ್ರೇಕ್ಷಕರ ಜಾಗದಿಂದ ಸ್ಕೋರರ್ ಟೇಬಲ್ ಹಾರಿ ಅಂಕಣಕ್ಕೆ ಇಳಿದರು, ಅವರನ್ನು ಪೊಲೀಸರು ಬಂಧಿಸಿದರು. ಬೆಂಚ್ ಬಿಟ್ಟು ಬಂದಿದ್ದಕ್ಕೆ ಎರಡೂ ತಂಡದಿಂದ ಹಲವರನ್ನು ಹೊರಗೆ ಕಳಿಸಲಾಯಿತು. ಪಂದ್ಯ ಮುಗಿದಾಗ ಸೌತ್ ಕ್ಯಾರೊಲಿನಾ 79, ಎಲ್‌ಎಸ್‌ಯು 72.

ಸ್ಟೇಲಿ ಗೆದ್ದ ಕೂಡಲೇ ಟಿವಿ ಮೈಕ್ ಮುಂದೆ ಕ್ಷಮೆ ಕೇಳಿದರು. ಮಲ್ಕಿ ಪತ್ರಕರ್ತರ ಮುಂದೆ ಬೇರೆ ರೀತಿ ಮಾತಾಡಿದರು. ಯಾರೂ ಇಂಥದ್ದರಲ್ಲಿ ಸಿಕ್ಕಿಕೊಳ್ಳುವುದು ಬೇಡ ಅಂತ ಹೇಳಿದ್ದು ನಿಜ. ಅದರ ಜೊತೆಗೆ, ಕಾರ್ಡೊಸೊ ತಳ್ಳುವುದಾದರೆ ಏಂಜಲ್ ರೀಸ್ ಅವರನ್ನು ತಳ್ಳಬೇಕಿತ್ತು, ಅಷ್ಟು ಎತ್ತರ ಇದ್ದು ಚಿಕ್ಕ ಹುಡುಗಿಯನ್ನು ತಳ್ಳುವುದಾ ಅಂದರು. ಮಾತಿಗಿಳಿದ ಇಬ್ಬರು ಹುಡುಗಿಯರೇ ಅದನ್ನು ನೋಡಿಕೊಳ್ಳಬೇಕಿತ್ತು ಅನ್ನೋ ಅರ್ಥದಲ್ಲೂ ಮಾತಾಡಿದರು. ರೀಸ್ ಅವರದೇ ತಂಡದ ಎತ್ತರದ ಆಟಗಾರ್ತಿ. ಹದಿನಾಲ್ಕು ವರ್ಷದ ಹಿಂದೆ ಗುದ್ದಿದ ಹುಡುಗಿ ತನ್ನವಳಾಗಿದ್ದಾಗ ಹೆಚ್ಚುವರಿ ಶಿಕ್ಷೆ ಕೊಟ್ಟ ಕೋಚ್ ಇವರೇ. ಬಿದ್ದ ಹುಡುಗಿ ತನ್ನವಳಾದಾಗ ಸರಿಯಾದ ಜೋಡಿ ಸಿಕ್ಕಿದ್ದರೆ ತಳ್ಳಾಟ ಆಗಬಹುದಿತ್ತು ಅನ್ನೋ ಹಾಗೆ ಮಾತಾಡಿದರು. ನನಗೆ ಇದು ತುಂಬಾ ಬೇಸರ ತಂದ ಸಂಗತಿ. ಆ ಹೊತ್ತಿನಲ್ಲಿ ಕೋಚ್ ಆಡಿದ ಮಾತನ್ನು ಅವರ ಹುಡುಗಿಯರು ಕೇಳಿಸಿಕೊಳ್ಳುತ್ತಾರೆ. ಮುಂದಿನ ಪಂದ್ಯಕ್ಕೆ ಅದನ್ನೇ ಹೊತ್ತುಕೊಂಡು ಹೋಗುತ್ತಾರೆ.

ಸ್ಟೇಲಿಯವರನ್ನೂ ಸುಮ್ನೆ ಬಿಡುವ ಹಾಗಿಲ್ಲ. ಕ್ಷಮೆ ಕೇಳಿದ್ದು ದೊಡ್ಡತನ. ಆದರೆ ಕಾರ್ಡೊಸೊ ಕೂತಿದ್ದು ನಿಯಮ ಹೇಳಿದ ಒಂದು ಪಂದ್ಯಕ್ಕೆ ಮಾತ್ರ. ಅದು ರಾಷ್ಟ್ರೀಯ ಟೂರ್ನಿಯ ಮೊದಲ ಸುತ್ತು, ಎದುರಾಳಿ ಪ್ರೆಸ್ಬಿಟೇರಿಯನ್ ಅನ್ನೋ ಸಣ್ಣ ಕಾಲೇಜು. ಕಾರ್ಡೊಸೊ ಇಲ್ಲದಿದ್ದರೂ ಗೆಲ್ಲುವ ಪಂದ್ಯ. ಆಮೇಲೆ ಅವರು ಆಡಿದರು, ತಂಡ ಒಂದೂ ಸೋಲದೆ 38 ಪಂದ್ಯ ಗೆದ್ದು ಚಾಂಪಿಯನ್ ಆಯಿತು, ಕಾರ್ಡೊಸೊ ಅವರೇ ಟೂರ್ನಿಯ ಶ್ರೇಷ್ಠ ಆಟಗಾರ್ತಿ. ಆ ಹುಡುಗಿ ಕ್ಷಮೆ ಕೇಳಿದ್ದಾರೆ, ಶಿಕ್ಷೆ ಅನುಭವಿಸಿದ್ದಾರೆ, ಅವರ ಮೇಲೆ ನನಗೆ ಇನ್ನೇನೂ ದೂರಿಲ್ಲ. ಆದರೆ ಅವತ್ತು ಎರಡೂ ಬೆಂಚುಗಳು ಖಾಲಿಯಾದವು. ಬೆಂಚ್ ಬಿಟ್ಟು ಏಳಬೇಡಿ ಅನ್ನೋದು ಪ್ರತಿ ಋತುವಿನ ಮೊದಲ ವಾರ ಹೇಳಿಕೊಡುವ ಪಾಠ. ಅದು ಎರಡು ಕಡೆಯೂ ತಪ್ಪಿತು. ಅದಕ್ಕೆ ಇಬ್ಬರು ಕೋಚ್‌ಗಳಿಗೂ ಒಂದು ದಿನದ ಶಿಕ್ಷೆಯೂ ಆಗಲಿಲ್ಲ.

ಒರಟಾಟ ಹುಟ್ಟುವುದು ಎಲ್ಲಿ ಅಂತ ಸ್ವಲ್ಪ ನಿಧಾನವಾಗಿ ನೋಡೋಣ. ಗುದ್ದು ಕೊನೆಗೆ ಬರುತ್ತದೆ. ಅದಕ್ಕೆ ಮುಂಚೆ ಅರ್ಧ ಗಂಟೆ ಬೇರೆಯದೇ ನಡೆದಿರುತ್ತದೆ. ಎತ್ತರದ ಹುಡುಗಿ ರಿಂಗ್ ಕಡೆ ಬೆನ್ನು ಹಾಕಿ ನಿಂತಾಗ ಅವಳ ಸೊಂಟಕ್ಕೆ ಮೊಣಕಾಲು ಒತ್ತುತ್ತಾರೆ. ಜೆರ್ಸಿ ಹಿಡಿಯುತ್ತಾರೆ. ರೀಬೌಂಡಿಗೆ ಕೈ ಎತ್ತಿದಾಗ ತೋಳಿಗೆ ತೋಳು ಸಿಕ್ಕಿಸಿ ಕೆಳಗೆ ಎಳೆಯುತ್ತಾರೆ. ಎದುರಾಳಿಯ ದಾರಿಗೆ ಅಡ್ಡ ನಿಂತು ಸ್ಕ್ರೀನ್ ನಿಲ್ಲಿಸುವಾಗ ಕೊನೇ ಕ್ಷಣದಲ್ಲಿ ಸೊಂಟ ಹೊರಗೆ ಹಾಕುತ್ತಾರೆ. ಚೆಂಡು ಇನ್ನೊಂದು ಮೂಲೆಯಲ್ಲಿರುವಾಗ ಓಡುವವಳ ಎದೆಗೆ ಮುಂಗೈ ಬೀಳುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು, ಶಾಟ್ ಹಾಕಲು ಜಿಗಿದವಳು ಇಳಿಯುವ ಜಾಗದಲ್ಲಿ ಪಾದ ಇಡುವುದು. ಅಲ್ಲಿ ಕಾಲು ತಿರುಚಿದರೆ ಕಣಕಾಲು ಹೋಗುತ್ತದೆ, ಕೆಲವೊಮ್ಮೆ ಮೊಣಕಾಲಿನ ಒಳಗಿನ ಎಸಿಎಲ್ ಅನ್ನೋ ಅಸ್ಥಿರಜ್ಜು ಹರಿಯುತ್ತದೆ. ಬಾಸ್ಕೆಟ್‌ಬಾಲ್‌ನಲ್ಲಿ ಹುಡುಗರಿಗಿಂತ ಹುಡುಗಿಯರಿಗೆ ಎಸಿಎಲ್ ಗಾಯ ಹಲವು ಪಟ್ಟು ಹೆಚ್ಚು. ಒಂದು ಎಸಿಎಲ್ ಅಂದರೆ ಹೆಚ್ಚುಕಡಿಮೆ ಒಂದು ವರ್ಷ ಆಟ ಇಲ್ಲ.

ಇದರಲ್ಲಿ ಬಹಳಷ್ಟಕ್ಕೆ ಸೀಟಿ ಬೀಳುವುದಿಲ್ಲ. ಮೂವರು ರೆಫರಿಗಳ ಕಣ್ಣು ಹೆಚ್ಚಾಗಿ ಚೆಂಡಿನ ಕಡೆ ಇರುತ್ತದೆ. ಎತ್ತರದ ಹುಡುಗಿಯನ್ನು ಜಗ್ಗಿದರೆ ಅವಳು ಅಲುಗಾಡುವುದಿಲ್ಲ, ಹಾಗಾಗಿ ಫೌಲ್ ಆದಂತೆ ಕಾಣುವುದೇ ಇಲ್ಲ. ಗ್ರೈನರ್, ಕಾರ್ಡೊಸೊ ಥರದ ಆಟಗಾರ್ತಿಯರು ಪಂದ್ಯದಿಂದ ಪಂದ್ಯಕ್ಕೆ ಇದನ್ನು ಸಹಿಸುತ್ತಾ ಹೋಗುತ್ತಾರೆ. ಒಂದು ದಿನ ತಾಳ್ಮೆ ತಪ್ಪುತ್ತದೆ. ಅವರು ಹೊಡೆದಿದ್ದು ಸರಿ ಅಂತ ನಾನು ಹೇಳುತ್ತಿಲ್ಲ, ಮೂಗು ಮುರಿದ ಹುಡುಗಿಗೆ ಈ ವಿವರಣೆಯಿಂದ ಏನೂ ಸಿಗುವುದಿಲ್ಲ. ಆದರೆ ಮೊದಲ ಕ್ವಾರ್ಟರಿನಿಂದ ಇದನ್ನೆಲ್ಲ ನೋಡುತ್ತಾ ಕೂತವರು ಒಬ್ಬರಿದ್ದಾರೆ. ಅವರು ಕೋಚ್. ತನ್ನ ಹುಡುಗಿಯ ಮುಖ ಬಿಸಿಯಾಗಿದ್ದು ಅವರಿಗೆ ಕಾಣುತ್ತದೆ. ತನ್ನ ಇನ್ನೊಬ್ಬ ಹುಡುಗಿ ಎದುರಾಳಿಯ ಜೆರ್ಸಿ ಹಿಡಿಯುತ್ತಿರುವುದೂ ಕಾಣುತ್ತದೆ. ಬದಲಿ ಆಟಗಾರ್ತಿಯನ್ನು ಕಳಿಸಲು ಅರ್ಧ ನಿಮಿಷ ಸಾಕು. ನಾಲ್ಕು ಅಂಕ ಹಿಂದೆ ಇರುವಾಗ ಒಳ್ಳೆಯ ಆಟಗಾರ್ತಿಯನ್ನು ಆ ಕಾರಣಕ್ಕೆ ಹೊರಗೆ ಕರೆಯುವ ಕೋಚ್ ಎಷ್ಟು ಜನ ಇದ್ದಾರೆ? ನಾನು ಅಳೆಯುವುದು ಇದರಿಂದಲೇ. ಪಂದ್ಯ ಆದ ಮೇಲಿನ ಹೇಳಿಕೆ ಎರಡನೇ ಮಾತು.

ಗಟ್ಟಿ ಆಟ ಬೇಡ ಅಂತಲ್ಲ. ಅಮೆರಿಕದ ಹುಡುಗಿಯರ ತಂಡಗಳು ಅಭ್ಯಾಸದಲ್ಲಿ ಕಾಲೇಜಿನ ಹುಡುಗರ ಎದುರು ಆಡುತ್ತವೆ. ರಿಂಗ್ ಹತ್ತಿರ ಓಡಿ ಹೋಗಿ ಲೇಅಪ್ ಹಾಕುವಾಗ ಕೋಚ್‌ಗಳು ದಪ್ಪ ಪ್ಯಾಡ್‌ನಿಂದ ಹೊಡೆಯುತ್ತಾರೆ, ಏಟು ತಿಂದರೂ ಚೆಂಡು ಹಾಕಲಿ ಅಂತ. ಇದು ಒಳ್ಳೆಯ ಅಭ್ಯಾಸ. ಕೊನೇ ನಿಮಿಷದಲ್ಲಿ ಗಡಿಯಾರ ನಿಲ್ಲಿಸಲು ಫೌಲ್ ಮಾಡುವುದೂ ಆಟದ ಭಾಗವೇ. ಆದರೆ ಏಟು ತಡೆದುಕೊಳ್ಳೋದನ್ನ ಕಲಿಸುವುದು ಬೇರೆ, ರೆಫರಿ ನೋಡದಾಗ ಏಟು ಕೊಡೋದನ್ನ ಕಲಿಸುವುದು ಬೇರೆ. ಎರಡಕ್ಕೂ ಅಭ್ಯಾಸದಲ್ಲಿ ‘ಫಿಸಿಕಲ್ ಆಗಿ ಆಡಿ’ ಅಂತಲೇ ಕೂಗುತ್ತಾರೆ. ಹದಿನೆಂಟರ ಹುಡುಗಿಗೆ ಯಾವುದು ಯಾವುದು ಅಂತ ಬಿಡಿಸಿ ಹೇಳಬೇಕಾದ ಕೆಲಸ ಕೋಚ್‌ದು.

ಈಗ ನಿಯಮದ ವಿಷಯ. ಎನ್‌ಸಿಎಎಯಲ್ಲಿ ಮುಖ್ಯ ಕೋಚ್‌ಗಳ ಹೊಣೆಯ ಬಗ್ಗೆ ಒಂದು ನಿಯಮ ಇದೆ. 2023ರ ಜನವರಿಯಿಂದ ಅದನ್ನು ಇನ್ನೂ ಬಿಗಿ ಮಾಡಿದ್ದಾರೆ. ಸಹಾಯಕ ಕೋಚ್ ಒಬ್ಬರು ಹೈಸ್ಕೂಲ್ ಆಟಗಾರ್ತಿಯನ್ನು ಸೆಳೆಯಲು ನಿಯಮ ಮುರಿದರು ಅಂತ ಇಟ್ಟುಕೊಳ್ಳಿ. ನನಗೆ ಗೊತ್ತಿರಲಿಲ್ಲ ಅಂತ ಮುಖ್ಯ ಕೋಚ್ ತಪ್ಪಿಸಿಕೊಳ್ಳುವ ಹಾಗಿಲ್ಲ. ತಮ್ಮ ಸಿಬ್ಬಂದಿ ಮಾಡಿದ್ದಕ್ಕೆ ಅವರೇ ಹೊಣೆ. ಪಂದ್ಯಗಳಿಂದ ಅಮಾನತು ಆಗಬಹುದು. ಎಷ್ಟು ಸರಿಯಾದ ನಿಯಮ ನೋಡಿ! ಇದೇ ತತ್ವವನ್ನು ಅಂಕಣದ ಮೇಲೆ ಯಾಕೆ ತರಬಾರದು? ಸಹಾಯಕರ ತಪ್ಪಿಗೆ ಹೊಣೆಯಾಗುವ ಕೋಚ್, ಕಣ್ಣೆದುರಿಗೇ ತನ್ನ ಆಟಗಾರ್ತಿ ಹೊಡೆದರೆ, ಹತ್ತಾರು ಜನ ಬೆಂಚ್ ಬಿಟ್ಟು ನುಗ್ಗಿದರೆ ಹೊಣೆಯಲ್ವಾ?

ಒಂದು ಕ್ಷಣದ ಸಿಟ್ಟನ್ನು ಕೋಚ್ ಹೇಗೆ ತಡೆಯೋದು ಅಂತ ಕೇಳುತ್ತಾರೆ. ಒಂದು ಸಲ ಆದರೆ ಒಪ್ಪುತ್ತೇನೆ. ಒಂದೇ ತಂಡದಲ್ಲಿ ಮತ್ತೆ ಮತ್ತೆ ಆದರೆ ಅದು ಕಲಿಕೆ. ಹೊಡೆದವಳು ಹೊರಗೆ ಕೂರುವ ಪಂದ್ಯದಲ್ಲಿ ಕೋಚ್ ಕೂಡ ಬೆಂಚಿನಲ್ಲಿ ಇರಬಾರದು ಅಂತ ನನ್ನ ಸಲಹೆ. 2025ರ ಜನವರಿಯಲ್ಲಿ ಸ್ಟೇಲಿಯವರ ಸಂಬಳ ವರ್ಷಕ್ಕೆ 40 ಲಕ್ಷ ಡಾಲರ್ ಆಯಿತು. ಮಹಿಳಾ ಬಾಸ್ಕೆಟ್‌ಬಾಲ್ ಕೋಚ್‌ಗಳಿಗೆ ಇಷ್ಟು ಸಿಗುತ್ತಿರುವುದು ನನಗೆ ಸಂತೋಷವೇ, ಅವರು ಅದಕ್ಕೆ ಅರ್ಹರು. ಆದರೆ ದೊಡ್ಡ ಕೋಚ್‌ಗಳ ಒಪ್ಪಂದಗಳಲ್ಲಿ ಟೂರ್ನಿ ಗೆದ್ದರೆ ಬೋನಸ್ ಅಂತ ಬರೆದಿರುತ್ತಾರೆ. ತಂಡದ ನಡತೆಗೂ ಅದರಲ್ಲಿ ಒಂದು ಸಾಲು ಇರಲಿ.

ಹೊಣೆ ಹೊರಿಸುವಾಗ ಎಚ್ಚರವೂ ಬೇಕು. 2018ರ ಜನವರಿಯಲ್ಲಿ ಸೌತ್ ಕ್ಯಾರೊಲಿನಾ ಮತ್ತು ಮಿಸ್ಸೌರಿ ನಡುವೆ ತಳ್ಳಾಟದ ಪಂದ್ಯ ನಡೆಯಿತು. ಆಮೇಲೆ ಮಿಸ್ಸೌರಿಯ ಕ್ರೀಡಾ ನಿರ್ದೇಶಕರು ರೇಡಿಯೋದಲ್ಲಿ, ಪ್ರೇಕ್ಷಕರು ತಮ್ಮ ಹುಡುಗಿಯರ ಮೇಲೆ ಉಗುಳಿದರು, ಜನಾಂಗೀಯ ಬೈಗುಳ ಬೈದರು, ಅಂಥ ವಾತಾವರಣವನ್ನು ಸ್ಟೇಲಿಯವರೇ ಬೆಳೆಸಿದರು ಅನ್ನೋ ಹಾಗೆ ಮಾತಾಡಿದರು. ಸ್ಟೇಲಿ ಮಾನನಷ್ಟ ದಾವೆ ಹಾಕಿದರು. ಅದೇ ವರ್ಷ 50,000 ಡಾಲರ್‌ಗೆ ರಾಜಿ ಆಯಿತು. ಆಧಾರ ಇಲ್ಲದೆ ಆರೋಪ ಮಾಡಿದರೆ ಹೊಣೆಗಾರಿಕೆಯ ಮಾತೇ ಹಾಳಾಗುತ್ತದೆ.

ಇನ್ನೊಂದು ಎಚ್ಚರ ಬಣ್ಣದ್ದು. ಅಲ್ಲಿ ಕಪ್ಪು ಹುಡುಗಿಯರು ಒಂದು ಸನ್ನೆ ಮಾಡಿದರೂ ಪುಂಡರು ಅನ್ನಿಸಿಕೊಳ್ಳುತ್ತಾರೆ. 2023ರ ಫೈನಲ್‌ನಲ್ಲಿ ಏಂಜಲ್ ರೀಸ್ ಮುಖದ ಮುಂದೆ ಕೈ ಆಡಿಸಿದ್ದಕ್ಕೆ ದೇಶವೆಲ್ಲ ಬೈಯಿತು. ಅದೇ ಟೂರ್ನಿಯಲ್ಲಿ ಬಿಳಿಯ ಆಟಗಾರ್ತಿ ಕೇಟ್ಲಿನ್ ಕ್ಲಾರ್ಕ್ ಅದೇ ಸನ್ನೆ ಮಾಡಿದಾಗ ಜನ ನಕ್ಕು ಮೆಚ್ಚಿದ್ದರು. ಸನ್ನೆಯಿಂದ ಯಾರ ಮೂಗೂ ಮುರಿಯುವುದಿಲ್ಲ. 2024ರ ಮಾರ್ಚ್ ಕೊನೆಯಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆಯ ಅಂಕಣವೊಂದು ಎಲ್‌ಎಸ್‌ಯು ಹುಡುಗಿಯರನ್ನು ಖಳನಾಯಕಿಯರು ಅನ್ನೋ ಥರ ಬರೆಯಿತು. ಮಲ್ಕಿ ಮೈಕ್ ಮುಂದೆ ಕೂತು ಅದನ್ನು ಖಂಡಿಸಿದರು. ಪತ್ರಿಕೆ ಬರಹವನ್ನು ತಿದ್ದಿತು, ಬರೆದವರು ಕ್ಷಮೆ ಕೇಳಿದರು. ಇಲ್ಲಿ ಮಲ್ಕಿ ಮಾಡಿದ್ದು ನೂರಕ್ಕೆ ನೂರು ಸರಿ.

ಅಂಕಣದ ಹೊರಗಿನ ಒರಟುತನದ ಬಗ್ಗೆಯೂ ಒಂದು ಮಾತು. 2019ರಲ್ಲಿ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ಕೋಚ್ ಸಿಲ್ವಿಯಾ ಹ್ಯಾಚೆಲ್ ರಾಜೀನಾಮೆ ಕೊಟ್ಟರು. ಸಾವಿರಕ್ಕೂ ಹೆಚ್ಚು ಪಂದ್ಯ ಗೆದ್ದವರು ಅವರು. ಜನಾಂಗದ ಬಗ್ಗೆ ಆಡಿದ ಮಾತುಗಳು, ಗಾಯ ಇದ್ದರೂ ಆಡುವಂತೆ ಹಾಕಿದ ಒತ್ತಡ ಇವೆಲ್ಲ ವಿಶ್ವವಿದ್ಯಾಲಯದ ವಿಚಾರಣೆಯಲ್ಲಿ ಬಂದಿದ್ದವು. 2020ರ ಆಗಸ್ಟ್‌ನಲ್ಲಿ ಟೆಕ್ಸಸ್ ಟೆಕ್ ತನ್ನ ಕೋಚ್ ಮಾರ್ಲೀನ್ ಸ್ಟಾಲಿಂಗ್ಸ್ ಅವರನ್ನು ತೆಗೆಯಿತು. ಹಿಂದಿನ ದಿನ ಯುಎಸ್‌ಎ ಟುಡೇ ಪತ್ರಿಕೆಯಲ್ಲಿ ಆಟಗಾರ್ತಿಯರ ದೂರುಗಳು ಬಂದಿದ್ದವು. ಆ ಆರೋಪಗಳನ್ನು ಅವರು ಒಪ್ಪಲಿಲ್ಲ. ಎರಡು ಕಡೆಯೂ ಹುಡುಗಿಯರು ಬಾಯಿ ಬಿಟ್ಟ ಮೇಲೆಯೇ ವಿಷಯ ಹೊರಗೆ ಬಂದಿದ್ದು. ಆಡುವ ಸಮಯ, ಸ್ಕಾಲರ್‌ಶಿಪ್ ಎಲ್ಲ ಕೋಚ್ ಕೈಯಲ್ಲಿರುವಾಗ ಬಾಯಿ ಬಿಡುವುದು ಸುಲಭ ಅಲ್ಲ. ತನ್ನ ಹುಡುಗಿಯರ ಮೈಗೆ ಬೆಲೆ ಕೊಡದ ಕೋಚ್ ಎದುರಾಳಿಯ ಮೈಗೆ ಬೆಲೆ ಕೊಡಲು ಕಲಿಸುತ್ತಾರೆ ಅಂತ ನಾನು ನಂಬುವುದಿಲ್ಲ.

ನಮ್ಮ ಮಾತಿಗೆ ಬರುತ್ತೇನೆ. ನಾವು ಆಡುವುದು ಫಿಬಾ, ಅಂದರೆ ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟದ ನಿಯಮದಲ್ಲಿ. ಸ್ಕೋರ್ ಶೀಟ್ ಬರೆದವರಿಗೆ ಇದು ಗೊತ್ತು. ಬೆಂಚಿನಲ್ಲಿ ಕೂತವರು ತಪ್ಪು ಮಾಡಿದರೆ ಆ ಟೆಕ್ನಿಕಲ್ ಫೌಲ್ ಮುಖ್ಯ ಕೋಚ್ ಹೆಸರಿನ ಮುಂದೆ ‘ಬಿ’ ಅಂತ ಬೀಳುತ್ತದೆ. ಹೊಡೆದಾಟದಲ್ಲಿ ಬೆಂಚ್ ಬಿಟ್ಟು ಒಳಗೆ ಬಂದರೂ ಹಾಗೆಯೇ. ಅಂದರೆ ಕೋಚ್ ಹೊಣೆ ಅನ್ನೋದು ನಮ್ಮ ನಿಯಮದಲ್ಲಿ ಆಗಲೇ ಇದೆ. ಆದರೆ ಪಂದ್ಯ ಮುಗಿದ ಮೇಲೆ ಆ ಹಾಳೆಯನ್ನು ಯಾರೂ ತೆಗೆದು ನೋಡುವುದಿಲ್ಲ. ಅಂತರ ಕಾಲೇಜು ಟೂರ್ನಿಗಳ ಸಮಿತಿಯಲ್ಲಿ ಇರುವವರು ಇಲ್ಲಿ ಕೆಲವರಿದ್ದೀರಿ. ಋತುವಿನ ಕೊನೆಗೆ ಯಾವ ಕೋಚ್ ಹೆಸರಿನ ಮುಂದೆ ಎಷ್ಟು ‘ಬಿ’ ಇದೆ, ಯಾವ ತಂಡಕ್ಕೆ ಎಷ್ಟು ಅನ್‌ಸ್ಪೋರ್ಟ್ಸ್‌ಮನ್‌ಲೈಕ್ ಫೌಲ್ ಇದೆ ಅಂತ ಒಂದು ಪಟ್ಟಿ ಮಾಡಿ ಎಲ್ಲ ಕಾಲೇಜಿಗೂ ಕಳಿಸಿ. ಖರ್ಚಿಲ್ಲದ ಕೆಲಸ. ಮಿತಿ ದಾಟಿದ ಕೋಚ್ ಮುಂದಿನ ಟೂರ್ನಿಯ ಮೊದಲ ಪಂದ್ಯಕ್ಕೆ ಗ್ಯಾಲರಿಯಲ್ಲಿ ಕೂರಲಿ.

ಈಗ ಪ್ರಶ್ನೆ ಕೇಳಿ. ಮೊದಲು ಆಟಗಾರ್ತಿಯರು ಕೇಳಲಿ, ಆಮೇಲೆ ಕೋಚ್‌ಗಳು. ಯಾವ ಕಾಲೇಜು, ಯಾವ ಕೋಚ್ ಅಂತ ಹೆಸರು ಹೇಳಬೇಕಾಗಿಲ್ಲ.