ಫಿಜಿಯ ಹಳ್ಳಿಗೆ ಹೋಗುವ ಮುಂಚೆ

ಎಲ್ಲರಿಗೂ ನಮಸ್ಕಾರ. ಇಲ್ಲಿ ಸಿಡ್ನಿಯಿಂದ ಪೆಸಿಫಿಕ್‌ನ ಫಿಜಿ ದ್ವೀಪಗಳಿಗೆ ಹೋಗುವ ನಮ್ಮ ಮಿಷನ್ ತಂಡಕ್ಕೆ ಹೆಸರು ಕೊಟ್ಟವರೇ ಇವತ್ತು ಜಾಸ್ತಿ ಬಂದಿದ್ದೀರಿ ಅಂತ ಕಾಣುತ್ತದೆ. "ಏನೇನು ತಗೊಂಡು ಹೋಗಬೇಕು, ಅದನ್ನು ಹೇಳಿಬಿಡಿ ಅಂಕಲ್" ಅಂತ ಹುಡುಗರು ಆಗಲೇ ಕೇಳಿದರು. ಹೇಳುತ್ತೇನೆ, ಆದರೆ ಕೊನೆಗೆ. ಮೊದಲು ನಾವು ಎಂಥವರ ಮನೆಗೆ ಹೋಗುತ್ತಿದ್ದೇವೆ ಅನ್ನುವುದು ಗೊತ್ತಿರಲಿ.

ನಮ್ಮ ಸಭೆಯವರು ಹೋಗುವ ಹಳ್ಳಿ ಇರುವುದು ವಿಟಿ ಲೆವು ದ್ವೀಪದ ಉತ್ತರಕ್ಕೆ, ರಾ ಪ್ರಾಂತ್ಯದಲ್ಲಿ. ನಾಂದಿಯಲ್ಲಿ ವಿಮಾನ ಇಳಿದು ಲೌಟೋಕಾಗೆ ಬಂದು, ಅಲ್ಲಿಂದ ಕಿಂಗ್ಸ್ ರೋಡ್ ಹಿಡಿದು ಬಾ, ತವುವಾ ದಾಟಿದರೆ ರಾಕಿರಾಕಿ ಸಿಗುತ್ತದೆ. ದಾರಿಯುದ್ದಕ್ಕೂ ಕಬ್ಬು. ಮಂಡ್ಯದ ಕಡೆಯವರಿಗೆ ಊರಿಗೆ ಬಂದ ಹಾಗೇ ಅನಿಸುತ್ತದೆ. ಹಳ್ಳಿಯ ನಡುವೆ ಒಂದು ಮೆಥಡಿಸ್ಟ್ ಚರ್ಚು, ಸುತ್ತ ಹುಲ್ಲು, ಹುಲ್ಲಿನ ಸುತ್ತ ಮನೆಗಳು.

"ಮಿಷನ್ ಟ್ರಿಪ್" ಅಂದ ತಕ್ಷಣ ನಮ್ಮ ತಲೆಯಲ್ಲಿ ಒಂದು ಚಿತ್ರ ಬರುತ್ತದೆ ಅಲ್ವಾ? ನಾವು ಕೊಡುವವರು, ಅವರು ತೆಗೆದುಕೊಳ್ಳುವವರು. ಆ ಚಿತ್ರವನ್ನು ಇಲ್ಲೇ ಬಿಟ್ಟು ಹೋಗಿ. ವೆಸ್ಲಿಯನ್, ಅಂದರೆ ಮೆಥಡಿಸ್ಟ್, ಮಿಷನ್ನಿನ ವಿಲಿಯಂ ಕ್ರಾಸ್ ಮತ್ತು ಡೇವಿಡ್ ಕಾರ್ಗಿಲ್ ಟೋಂಗಾದಿಂದ ಫಿಜಿಯ ಲಕೆಂಬಾ ದ್ವೀಪಕ್ಕೆ ಬಂದದ್ದು 1835ರಲ್ಲಿ. ಹಳೆ ಮೈಸೂರು ಕಡೆಯವರಿಗೆ ಈ ಮಿಷನ್ ಹೊಸದಲ್ಲ. ಬೆಂಗಳೂರು, ಮೈಸೂರು, ತುಮಕೂರಿನ ಎಷ್ಟೋ ಹಳೆ ಸಭೆಗಳು ಅವರು ಕಟ್ಟಿದವೇ. ಆದರೆ ಅವರಿಗೂ ಮುಂಚೆ, 1830ರಲ್ಲಿ, ತಾಹಿಟಿಯ ಬೋಧಕರು ಫಿಜಿಗೆ ಬಂದಿದ್ದರು. ಆಮೇಲೆ ಟೋಂಗಾದವರು ಬಂದರು. ದ್ವೀಪದವರಿಗೆ ಮೊದಲು ಸುವಾರ್ತೆ ಹೇಳಿದವರು ಪಕ್ಕದ ದ್ವೀಪದವರೇ. 1854ರಲ್ಲಿ ದೊಡ್ಡ ದೊರೆ ದಾಕೊಂಬಾವು ಕ್ರೈಸ್ತನಾದ ಮೇಲೆ ಜನ ಗುಂಪು ಗುಂಪಾಗಿ ಸಭೆ ಸೇರಿದರು.

1875ರ ಮಾತು ಕೇಳಿ. ಆ ವರ್ಷ ಫಿಜಿಗೆ ದಡಾರ ಬಂದು ಸುಮಾರು 40,000 ಜನ ಸತ್ತರು. ದೇಶದ ಜನರಲ್ಲಿ ನಾಲ್ಕನೇ ಒಂದು ಪಾಲು ಹೋಯಿತು ಅನ್ನುತ್ತಾರೆ. ಮನೆಮನೆಯಲ್ಲೂ ಸಾವು. ಅದೇ ವರ್ಷ ಜಾರ್ಜ್ ಬ್ರೌನ್ ಅನ್ನುವ ಮಿಷನರಿ ನವುಲೋವಾದ ಬೋಧಕರ ಶಾಲೆಗೆ ಬಂದು, ಈಗಿನ ಪಾಪುವಾ ನ್ಯೂಗಿನಿಯ ಕಡೆ ಹೊಸ ಕೆಲಸಕ್ಕೆ ಯಾರು ಬರುತ್ತೀರಿ ಅಂತ ಕೇಳಿದರು. ಅಲ್ಲಿ ಜ್ವರ ಇದೆ, ಕೊಲ್ಲುವವರೂ ಇದ್ದಾರೆ ಅಂತ ಮುಚ್ಚಿಡದೆ ಹೇಳಿದರು. ವಿದ್ಯಾರ್ಥಿಗಳೆಲ್ಲ ಬರುತ್ತೇವೆ ಅಂದರು. ಬ್ರಿಟಿಷ್ ಸರ್ಕಾರದ ಅಧಿಕಾರಿಯೇ ಅವರನ್ನು ಕರೆದು, ನಿಮ್ಮನ್ನು ಯಾರೂ ಬಲವಂತ ಮಾಡುತ್ತಿಲ್ಲ, ಯೋಚನೆ ಮಾಡಿ ಅಂತ ಎಚ್ಚರಿಸಿದ. ಆದರೂ ಹೋದರು, ಕೆಲವರು ಹೆಂಡತಿ ಮಕ್ಕಳ ಸಮೇತ. 1878ರಲ್ಲಿ, ಹೀಗೆ ಹೋದ ಫಿಜಿಯ ಬೋಧಕರಲ್ಲಿ ನಾಲ್ವರನ್ನು ಅಲ್ಲಿನ ನ್ಯೂ ಬ್ರಿಟನ್ ದ್ವೀಪದಲ್ಲಿ ಕೊಂದರು. ಇಂಥವರ ಮೊಮ್ಮಕ್ಕಳ ಮರಿಮಕ್ಕಳ ಊರಿಗೆ ನಾವು ರಜೆ ಹಾಕಿ, ಹೋಗಿ ಬರುವ ಟಿಕೆಟ್ ಮಾಡಿಸಿಕೊಂಡು ಹೋಗುತ್ತೇವೆ. ನಮ್ಮನ್ನು ನಾವು ಮಿಷನರಿ ಅಂತ ಕರೆದುಕೊಳ್ಳುವುದು ನನಗಂತೂ ಸ್ವಲ್ಪ ಮುಜುಗರ.

ಹಾಗಾದರೆ ನಾವು ಅಲ್ಲಿ ಏನು? ನೆಂಟರು, ಅಷ್ಟೇ. ನೆಂಟರಾಗಿ ಹೋಗುವುದಕ್ಕೆ ಅಲ್ಲಿ ಕ್ರಮ ಇದೆ.

ಊರೊಳಗೆ ಕಾಲಿಟ್ಟ ಕೂಡಲೇ ಫೋಟೋ ಹೊಡೆಯುತ್ತಾ ಅಡ್ಡಾಡುವ ಹಾಗಿಲ್ಲ. ಮೊದಲು ಸೆವುಸೆವು ಆಗಬೇಕು. ಯಂಗೊನ ಗಿಡದ ಒಣಗಿದ ಬೇರಿನ ಕಟ್ಟನ್ನು ಊರಿನ ಹಿರಿಯರ ಮುಂದೆ ಇಟ್ಟು, ನಾವು ಯಾರು, ಯಾಕೆ ಬಂದೆವು, ನಿಮ್ಮ ಊರೊಳಗೆ ಇರಬಹುದಾ ಅಂತ ಕೇಳುವುದು. ನಮ್ಮ ಪರವಾಗಿ ಒಬ್ಬರು ಮಾತಾಡುತ್ತಾರೆ, ಅವರ ಪರವಾಗಿ ಒಬ್ಬರು ಉತ್ತರ ಕೊಡುತ್ತಾರೆ. ಅವರು ಆ ಕಟ್ಟನ್ನು ಮುಟ್ಟಿ ಒಪ್ಪಿಕೊಂಡ ಮೇಲೆ ನಾವು ಆ ಊರಿನವರು. ಅಲ್ಲಿಂದ ಮುಂದೆ ನಮ್ಮ ಜವಾಬ್ದಾರಿಯೂ ಅವರದೇ. ಬೇರನ್ನು ಪುಡಿ ಮಾಡಿ ನೀರಲ್ಲಿ ಹಿಂಡಿ, ತನೊವ ಅನ್ನುವ ಮರದ ಬೋಗುಣಿಯಿಂದ ತೆಂಗಿನ ಚಿಪ್ಪಿನಲ್ಲಿ ಕೊಡುತ್ತಾರೆ. ಒಂದು ಸಲ ಚಪ್ಪಾಳೆ, ಒಂದೇ ಗುಟುಕಿಗೆ ಕುಡಿಯುವುದು, ಆಮೇಲೆ ಮೂರು ಚಪ್ಪಾಳೆ. ನೋಡಲು ಕೆಸರು ನೀರು, ನಾಲಿಗೆ ಜುಮ್ ಅನ್ನುತ್ತದೆ. ಹೆಂಡ ಅಲ್ಲ, ಹೆದರಬೇಡಿ. ಅಡ್ವೆಂಟಿಸ್ಟರು ಮತ್ತೆ ಕೆಲವು ಪೆಂತೆಕೊಸ್ತ್ ಸಭೆಯವರು ಅಲ್ಲೂ ಇದನ್ನು ಕುಡಿಯುವುದಿಲ್ಲ. ನಮ್ಮದು ಮೆಥಡಿಸ್ಟ್ ಹಳ್ಳಿ. ಅಲ್ಲಿ ಸಭಾಪಾಲಕರೇ ಮುಂದೆ ಕೂತಿರುತ್ತಾರೆ.

ಇದನ್ನು ಸುಮ್ನೆ ಸಂಪ್ರದಾಯ ಅಂತ ತಿಳಿಯಬೇಡಿ. 1867ರಲ್ಲಿ ಥಾಮಸ್ ಬೇಕರ್ ಅನ್ನುವ ವೆಸ್ಲಿಯನ್ ಮಿಷನರಿ ಇದೇ ದ್ವೀಪದ ಒಳಗಿನ ಬೆಟ್ಟಗಳಿಗೆ ಹೋದರು. ನಂಬುತೌತೌ ಅನ್ನುವ ಹಳ್ಳಿಯಲ್ಲಿ ಅವರನ್ನೂ ಜೊತೆಯಲ್ಲಿದ್ದ ಏಳು ಮಂದಿ ಫಿಜಿಯನ್ನರನ್ನೂ ಕೊಂದು ತಿಂದರು. ದೊರೆಯ ತಲೆಯಿಂದ ಬಾಚಣಿಗೆ ಕಿತ್ತುಕೊಂಡಿದ್ದಕ್ಕೆ ಹೀಗಾಯಿತು ಅಂತ ಒಂದು ಕಥೆ ಇದೆ. ಪ್ರವಾಸಿಗರಿಗೆ ಹೇಳುವುದು ಅದನ್ನೇ. ಇತಿಹಾಸ ಬರೆದವರು ಬೇರೆ ಕಾರಣ ಕೊಡುತ್ತಾರೆ. ಬೆಟ್ಟದ ಜನಕ್ಕೆ ಕರಾವಳಿಯ ದಾಕೊಂಬಾವುವಿನ ಆಳ್ವಿಕೆ ಬೇಡವಾಗಿತ್ತು. ಅವನ ಧರ್ಮ ತರುವವನನ್ನು ಅವನ ಕಡೆಯವನು ಅಂತಲೇ ಕಂಡರು. ಬೇಕರ್ ಬರುವ ಮುಂಚೆಯೇ, ಅವರನ್ನು ಕೊಲ್ಲಿ ಅಂತ ಕೇಳಿಕೊಂಡು ತಿಮಿಂಗಿಲದ ಹಲ್ಲು ಹಳ್ಳಿಯಿಂದ ಹಳ್ಳಿಗೆ ಹೋಗಿತ್ತಂತೆ. ಆ ಹಲ್ಲಿಗೆ ತಂಬುವ ಅನ್ನುತ್ತಾರೆ. ಮದುವೆ ಕೇಳುವುದಕ್ಕೂ, ಯುದ್ಧಕ್ಕೆ ಸಹಾಯ ಕೇಳುವುದಕ್ಕೂ, ಕ್ಷಮೆ ಕೇಳುವುದಕ್ಕೂ ಅದೇ. ಬೇಕರ್ ಅವರ ಬೂಟಿನ ಅಟ್ಟೆ ರಾಜಧಾನಿ ಸುವಾದ ಮ್ಯೂಸಿಯಂನಲ್ಲಿದೆ, ಸಮಯ ಸಿಕ್ಕರೆ ನೋಡಿ. 2003ರಲ್ಲಿ ನಂಬುತೌತೌ ಹಳ್ಳಿಯವರು ಬೇಕರ್ ವಂಶದವರನ್ನು ಆಸ್ಟ್ರೇಲಿಯಾದಿಂದ ಕರೆಸಿ, ತಂಬುವ ಇಟ್ಟು ಕ್ಷಮೆ ಕೇಳಿದರು. ನಾಲ್ಕು ವರ್ಷದ ಮೇಲೆ, 2007ರಲ್ಲಿ, ನಾನು ಆಗ ಹೇಳಿದ ನಾಲ್ವರು ಬೋಧಕರ ಸಾವಿಗೆ ಪಾಪುವಾ ನ್ಯೂಗಿನಿಯವರು ಫಿಜಿಯವರ ಹತ್ತಿರ ಕ್ಷಮೆ ಕೇಳಿದರು.

ಇನ್ನೊಂದು ವಿಷಯ ನಮಗೆ ಮಾತ್ರ ಸಂಬಂಧಪಟ್ಟದ್ದು. ತಂಡದ ಬಿಳಿಯರಿಗೆ ಇದು ಗೊತ್ತಾಗುವುದಿಲ್ಲ. ನಮ್ಮ ಮುಖ ನೋಡಿದ ಕೂಡಲೇ ಅಲ್ಲಿಯವರು ಹಿಂದಿಯಲ್ಲಿ ಶುರು ಮಾಡುತ್ತಾರೆ! ನನ್ನ ಹಿಂದಿಗಿಂತ ಆ ಊರಿನ ಅಜ್ಜನ ಹಿಂದಿ ಚೆನ್ನಾಗಿದೆ. ಕಬ್ಬಿನ ಗದ್ದೆಗೆ ಕೂಲಿಗಳನ್ನು ಹೊತ್ತ ಮೊದಲ ಹಡಗು ಲಿಯೊನಿಡಾಸ್ ಕಲ್ಕತ್ತದಿಂದ ಬಂದದ್ದು 1879ರಲ್ಲಿ. 1916ರ ಹೊತ್ತಿಗೆ 60,000ಕ್ಕೂ ಹೆಚ್ಚು ಜನ ಬಂದಿದ್ದರು. 1903ರಿಂದ ಮದ್ರಾಸಿನಿಂದಲೂ ಹಡಗು ಹೊರಟವು. ಹಾಗಾಗಿ ನಾವು ಅವರ ಕಣ್ಣಿಗೆ ಹೊಸಬರಲ್ಲ, ಪಕ್ಕದ ಕಬ್ಬಿನ ಗದ್ದೆಯವರು. ಆ ಅಕ್ಕಪಕ್ಕದಲ್ಲಿ ನಗು ಇದೆ, ಸಾಲ ಇದೆ, ಜಗಳವೂ ಇದೆ. ದೇಶದ ಹೆಚ್ಚಿನ ಭೂಮಿ ಮೂಲ ಫಿಜಿಯನ್ನರದು, ಕಬ್ಬು ಬೆಳೆಯುವವರು ಅದನ್ನು ಗೇಣಿಗೆ ಪಡೆದವರು. 1987ರಲ್ಲಿ, ಭಾರತ ಮೂಲದವರ ಬೆಂಬಲದಿಂದ ಬಂದಿದ್ದ ಸರ್ಕಾರವನ್ನು ಸೈನ್ಯ ಬೀಳಿಸಿದಾಗ ಮೆಥಡಿಸ್ಟ್ ಸಭೆಯಲ್ಲಿ ಅದನ್ನು ಬೆಂಬಲಿಸಿದವರು ಬಹಳ ಜನ ಇದ್ದರು. ಭಾರತ ಮೂಲದವರು ಸಾವಿರಗಟ್ಟಲೆ ದೇಶ ಬಿಟ್ಟರು. ಇಲ್ಲೇ ಸಿಡ್ನಿಯ ಲಿವರ್‌ಪೂಲ್‌ನಲ್ಲಿ ನೀವು ತರಕಾರಿ ತರುವ ಅಂಗಡಿಯವರನ್ನು ಕೇಳಿ ನೋಡಿ. 2023ರ ಮೇ 14ರಂದು, ಆ ಮೊದಲ ಹಡಗು ಬಂದ ದಿನವೇ, ಸುವಾದಲ್ಲಿ ಮೆಥಡಿಸ್ಟ್ ಸಭೆಯ ಅಧ್ಯಕ್ಷರು ಭಾರತ ಮೂಲದವರ ಕ್ಷಮೆ ಕೇಳಿದರು. 1987ರಲ್ಲಿ ಸೈನ್ಯ ನಡೆಸಿದ ರಂಬುಕಾ ಈಗ ಪ್ರಧಾನಿಯಾಗಿ ಅದೇ ವೇದಿಕೆಯಲ್ಲಿ ಕ್ಷಮೆ ಕೇಳಿದರು. ಹಳ್ಳಿಯಲ್ಲಿ ಈ ಮಾತು ಬಂದರೆ ನೀವು ತೀರ್ಪು ಕೊಡಲು ಹೋಗಬೇಡಿ. ಆದರೆ ಗೊತ್ತೇ ಇಲ್ಲದವರ ಹಾಗೆ ಕೂರಲೂ ಬೇಡಿ.

ಮನೆಯ ವಿಷಯಕ್ಕೆ ಬರೋಣ. ಮಂಚ ಇದ್ದರೆ ನಿಮಗೆ ಬಿಟ್ಟು ಅವರು ಚಾಪೆ ಮೇಲೆ ಮಲಗುತ್ತಾರೆ. ಬೇಡ ಅಂದರೂ ಕೇಳುವುದಿಲ್ಲ, ಜಾಸ್ತಿ ವಾದ ಮಾಡಬೇಡಿ. ಊಟಕ್ಕೆ ಉದ್ದ ಬಟ್ಟೆ ಹಾಸುತ್ತಾರೆ. ಮರಗೆಣಸು, ಕೆಸುವಿನ ಗೆಡ್ಡೆ, ಮೀನು, ತೆಂಗಿನ ಹಾಲಿನಲ್ಲಿ ಬೇಯಿಸಿದ ಕೆಸುವಿನ ಎಲೆ. ಪತ್ರೊಡೆ ತಿಂದು ಬೆಳೆದವರಿಗೆ ಈ ಎಲೆ ತುಂಬಾ ಹಿಡಿಸುತ್ತದೆ. ಒಂದು ವಿಷಯ ಗಮನಿಸಿ. ಹೆಂಗಸರು ಮಕ್ಕಳು ಬಟ್ಟೆಯ ಕೆಳಗಿನ ತುದಿಯಲ್ಲಿ ಕೂತು ನಿಮಗೆ ಬೀಸಣಿಗೆ ಬೀಸುತ್ತಾ ಇರುತ್ತಾರೆ. ಅವರ ಊಟ ನಿಮ್ಮದಾದ ಮೇಲೆ, ಅದೇ ಪಾತ್ರೆಗಳಿಂದ. "ತಿನ್ನಿ, ತಿನ್ನಿ" ಅಂತ ಬಲವಂತ ಮಾಡುತ್ತಲೇ ಇರುತ್ತಾರೆ. ಮರ್ಯಾದೆಗೆ ಅಂತ ತಟ್ಟೆ ಪಾತ್ರೆ ಎಲ್ಲ ಖಾಲಿ ಮಾಡಬೇಡಿ, ಹಿಂದೆ ಕೂತವರು ಹಸಿದುಕೊಂಡು ಮಲಗಬೇಕಾಗುತ್ತದೆ. ಡಬ್ಬಿ ಮಾಂಸ, ಕೋಳಿ ಕಂಡರೆ ಅದು ನಿಮಗೋಸ್ಕರ ಪೇಟೆಯಿಂದ ದುಡ್ಡು ಕೊಟ್ಟು ತಂದದ್ದು ಅಂತ ತಿಳಿಯಿರಿ.

ಭಾನುವಾರ ಲಾಲಿ ಬಾರಿಸುತ್ತಾರೆ, ಕೊರೆದ ಮರದ ದೊಡ್ಡ ದಿಮ್ಮಿ ಅದು. ಚರ್ಚಿನಲ್ಲಿ ಆರ್ಗನ್ ಇಲ್ಲ, ಗಿಟಾರ್ ಇಲ್ಲ. ಒಬ್ಬರು ಸ್ವರ ಎತ್ತಿದರೆ ಸಾಕು, ಇಡೀ ಊರು ನಾಲ್ಕು ದನಿಯಲ್ಲಿ ಹಾಡುತ್ತದೆ. ಗಂಡಸರ ಕೆಳದನಿ ಬೆಂಚಿನಲ್ಲೇ ನಡುಗುತ್ತದೆ. ನಮ್ಮ ತಂಡ ಕರೋಕೆ ಟ್ರ್ಯಾಕ್ ಹಾಕಿ ಹಾಡುವ ಯೋಚನೆಯಲ್ಲಿದೆಯಂತೆ. ದಯವಿಟ್ಟು ಬೇಡ. ನಮ್ಮ ಒಂದು ಕನ್ನಡ ಕೀರ್ತನೆ ಬರಿ ಬಾಯಲ್ಲಿ ಹಾಡಿ. ಪಲ್ಲವಿ ಎರಡನೇ ಸಲ ಬರುವಷ್ಟರಲ್ಲಿ ಅವರೇ ಕೆಳದನಿ ಸೇರಿಸಿರುತ್ತಾರೆ. ಅವತ್ತು ಬಟ್ಟೆ ಒಗೆಯುವುದು, ಈಜುವುದು ಯಾವುದೂ ಇಲ್ಲ.

ಇನ್ನು ಕೆಲಸ. 2016ರ ಫೆಬ್ರವರಿ 20ರಂದು ವಿನ್‌ಸ್ಟನ್ ಚಂಡಮಾರುತ ರಾ ಪ್ರಾಂತ್ಯದ ಮೇಲೇ ಹಾದುಹೋಯಿತು. ದೇಶದಲ್ಲಿ 44 ಜನ ಸತ್ತರು. ಮನೆಗಳ ತಗಡು ಹಾರಿತು, ಚರ್ಚುಗಳು ಬಿದ್ದವು. ಆಗ ಹೊರಗಿನ ಕೈಗಳು ನಿಜವಾಗಿ ಬೇಕಿತ್ತು. ಈಗ? ತಂಡ ಬರುತ್ತದೆ ಅಂತ ಚೆನ್ನಾಗಿರುವ ಗೋಡೆಗೆ ಮತ್ತೆ ಬಣ್ಣ ಹೊಡೆಸುವುದು ಬೇಡ. ಬಣ್ಣ ಹೊಡೆಯಲು ಅವರಿಗೆ ನಮಗಿಂತ ಚೆನ್ನಾಗಿ ಬರುತ್ತದೆ. ಏನು ಬೇಕು ಅಂತ ಊರಿನ ಮುಖ್ಯಸ್ಥರಾದ ತುರಂಗ ನಿ ಕೊರೊ ಅವರನ್ನೂ ಸಭೆಯ ಉಪದೇಶಿಯವರನ್ನೂ ಮೊದಲೇ ಫೋನ್ ಮಾಡಿ ಕೇಳಬೇಕು. ಕೇಳಿದಾಗ ಬಂದ ಉತ್ತರ ಹೇಳುತ್ತೇನೆ: ತಗಡಿಗೆ ಹೊಡೆಯುವ ಸ್ಕ್ರೂ, ವಯಸ್ಸಾದವರಿಗೆ ಸತ್ಯವೇದ ಓದಲು ಕನ್ನಡಕ. ಬಣ್ಣದ ಮಾತೇ ಬರಲಿಲ್ಲ.

ಟಿಕೆಟ್ ದುಡ್ಡನ್ನೇ ಕಳಿಸಿದರೆ ಆಗುವುದಿಲ್ಲವಾ ಅಂತ ಕೆಲವರು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ಲೆಕ್ಕ ಮಾತ್ರ ನೋಡಿದರೆ ಕಳಿಸುವುದೇ ಸರಿ. ಆದರೆ ನೆಂಟಸ್ತಿಕೆ ಇರುವುದು ಎರಡು ಕಡೆಗೆ. ಆ ಪ್ರಾಂತ್ಯದ ಹುಡುಗರು ಈಗ ಆಸ್ಟ್ರೇಲಿಯಾದಲ್ಲೇ ಇದ್ದಾರೆ. ಪೆಸಿಫಿಕ್ ದ್ವೀಪದವರಿಗೆ ಸರ್ಕಾರ ಮಾಡಿರುವ ಪಾಮ್ ಯೋಜನೆಯಲ್ಲಿ ಬಂದು ಒಳನಾಡಿನ ಊರುಗಳ ಮಾಂಸದ ಕಾರ್ಖಾನೆಗಳಲ್ಲಿ, ತೋಟಗಳಲ್ಲಿ ದುಡಿಯುತ್ತಿದ್ದಾರೆ. ಮನೆಗೆ ದುಡ್ಡು ಕಳಿಸುತ್ತಾರೆ, ಭಾನುವಾರ ಎಲ್ಲಿ ಚರ್ಚು ಅಂತ ಹುಡುಕುತ್ತಾರೆ. ಅವರ ಅಮ್ಮಂದಿರ ಕೈಯ ಊಟ ಮಾಡಿ ಬರುವ ನಾವು, ಅವರಲ್ಲಿ ಎಷ್ಟು ಜನರನ್ನು ಮನೆಗೆ ಊಟಕ್ಕೆ ಕರೆದಿದ್ದೇವೆ? ಹೋಗುವ ಮುಂಚೆಯೇ ಇದನ್ನು ಶುರು ಮಾಡೋಣ ಅಂತ ಕಮಿಟಿಗೆ ಹೇಳಿದ್ದೇನೆ. ಯಾರ ಮನೆಯಲ್ಲಿ ಯಾವ ಭಾನುವಾರ ಅಂತ ಬರೆಯುವ ಹಾಳೆ ಬಾಗಿಲ ಹತ್ತಿರ ಇದೆ.

ಸರಿ, ಬ್ಯಾಗು. ಗಂಡಸರಿಗೂ ಹೆಂಗಸರಿಗೂ ಸುಲು ಬೇಕು, ಅದು ನಮ್ಮ ಲುಂಗಿಯೇ. ಭುಜ ಮುಚ್ಚುವ ಅಂಗಿ ಇರಲಿ. ಊರೊಳಗೆ ಟೋಪಿ, ಕಪ್ಪು ಕನ್ನಡಕ ಬೇಡ. ಯಾರ ತಲೆಯನ್ನೂ ಮುಟ್ಟಬೇಡಿ, ಮಕ್ಕಳದ್ದೂ. ಸೊಳ್ಳೆಗೆ ಹಚ್ಚುವ ಔಷಧಿ, ಟಾರ್ಚು. ಯಂಗೊನ ಇಲ್ಲಿಂದ ಬೇಡ, ಲೌಟೋಕಾ ಮಾರ್ಕೆಟ್ಟಿನಲ್ಲಿ ನಾನೇ ತೆಗೆದುಕೊಡುತ್ತೇನೆ. ಹೊರಡುವ ಹಿಂದಿನ ರಾತ್ರಿಗೂ ಒಂದು ಕಟ್ಟು ಎತ್ತಿಟ್ಟಿರಬೇಕು, ಅಲ್ಲಿಂದ ಬರುವುದಕ್ಕೂ ಅಪ್ಪಣೆ ಕೇಳಬೇಕು. ಈಗ ನಿಮ್ಮ ಪ್ರಶ್ನೆ ಕೇಳಿ.