ಐವತ್ತು ಪೆನ್ನಿಯ ರೋಲು

ನಮಸ್ಕಾರ.

ಮೂವತ್ತೆರಡು ವರ್ಷ ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಕೂತವನು ನಾನು. ಗಾಜಿನ ಈಚೆ ನಾನು, ಆಚೆ ಗಿರಾಕಿ. 2019ರ ಬೇಸಿಗೆಯಲ್ಲಿ ಇದು ತಿರುವುಮುರುವಾಯಿತು. ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿ ನನ್ನ ಮಗಳಿದ್ದಾಳೆ. ಅವಳನ್ನು ಕರೆದುಕೊಂಡು ಅಲ್ಲಿನ ಒಂದು ಬ್ಯಾಂಕಿಗೆ ಹೋಗಿ, ಇಪ್ಪತ್ತೈದು ಡಾಲರಿಗೆ ಪೂರ್ತಿ ಪೆನ್ನಿಯೇ ಬೇಕು ಅಂತ ಕೇಳಿದೆ. ಕೌಂಟರಿನ ಹುಡುಗಿ ಒಂದು ಸಲ ನನ್ನ ಮುಖ ನೋಡಿದಳು. ಆ ನೋಟ ನನಗೆ ಚೆನ್ನಾಗಿ ಗೊತ್ತು. ಜಾತ್ರೆ ಹಿಂದಿನ ದಿನ ಚಿಲ್ಲರೆ ಕೇಳಿಕೊಂಡು ಬಂದವರನ್ನು ನಾನೂ ಹಾಗೇ ನೋಡುತ್ತಿದ್ದೆ.

ಪೆನ್ನಿ ಅಂದರೆ ಒಂದು ಸೆಂಟು, ಡಾಲರಿನ ನೂರನೇ ಒಂದು ಪಾಲು. ಅಲ್ಲಿ ಬ್ಯಾಂಕಿನಿಂದ ನಾಣ್ಯ ಕೊಳ್ಳುವಾಗ ಅದು ಕಾಗದದಲ್ಲಿ ಸುತ್ತಿದ ರೋಲಿನಲ್ಲಿ ಬರುತ್ತದೆ, ನಮ್ಮ ಬಿಸ್ಕತ್ ಪೊಟ್ಟಣದ ಹಾಗೆ. ಒಂದು ರೋಲಿಗೆ ಐವತ್ತು ಪೆನ್ನಿ. ಐವತ್ತು ರೋಲು ಸೇರಿದರೆ ಒಂದು ಪೆಟ್ಟಿಗೆ. ಎರಡೂವರೆ ಸಾವಿರ ಪೆನ್ನಿ, ಆರು ಕಿಲೋಗೂ ಮೇಲೆ ಭಾರ. ಇದನ್ನು ಮನೆಗೆ ತಂದು, ರೋಲು ಹರಿದು, ಒಂದೊಂದೇ ನಾಣ್ಯದ ವರ್ಷ ನೋಡುವ ಹವ್ಯಾಸ ಅಲ್ಲಿ ಬಹಳ ಜನಕ್ಕಿದೆ. ನನಗೆ ಇದನ್ನು ಹತ್ತಿಸಿದವರು ಮಗಳ ಪಕ್ಕದ ಮನೆಯ ಹಿರಿಯರು, ನಿವೃತ್ತ ಲಾರಿ ಚಾಲಕ. ಜಗುಲಿಯಲ್ಲಿ ಕೂತು ನಾವು ಅವರೆಕಾಳು ಬಿಡಿಸುವಂತೆ ರೋಲು ಬಿಡಿಸುತ್ತಿದ್ದರು.

ಇದರಲ್ಲಿ ನಷ್ಟ ಅನ್ನುವುದೇ ಇಲ್ಲ ನೋಡಿ. ಏನೂ ಸಿಗದಿದ್ದರೆ ಇಪ್ಪತ್ತೈದು ಡಾಲರಿನ ಪೆನ್ನಿ ವಾಪಸ್ ಕೊಟ್ಟರೆ ಇಪ್ಪತ್ತೈದು ಡಾಲರ್ ಬಂತು. ಹೋಗುವುದು ಸಮಯ. ಅದು ನನ್ನ ಹತ್ತಿರ ಬೇಕಾದಷ್ಟಿತ್ತು. ಮಗಳು, ಅಳಿಯ ಕೆಲಸಕ್ಕೆ, ಮೊಮ್ಮಗಳು ಶಾಲೆಗೆ. ಕಾರು ಓಡಿಸಲು ಬಾರದವನು ಆ ಊರಿನಲ್ಲಿ ಮನೆಯ ಬೀರು ಇದ್ದಂತೆ, ಇಟ್ಟಲ್ಲೇ ಇರಬೇಕು.

ಮೊದಲ ಪೆಟ್ಟಿಗೆಗೆ ಮೂರು ದಿನ ಬೇಕಾಯಿತು. ಹಿರಿಯರು ಹೇಳಿಕೊಟ್ಟ ಪಾಠ ಸುಲಭ. ಲಿಂಕನ್ ಮುಖದ ಪೆನ್ನಿ 1909ರಲ್ಲಿ ಶುರುವಾಯಿತು. 1958ರವರೆಗೆ ಅದರ ಹಿಂಬದಿಯಲ್ಲಿ ಎರಡು ಗೋಧಿ ತೆನೆ. 1959ರಿಂದ ತೆನೆ ಹೋಗಿ ಲಿಂಕನ್ ಸ್ಮಾರಕದ ಕಟ್ಟಡ. ತೆನೆ ಕಂಡರೆ ಎತ್ತಿಡಬೇಕು. ಎರಡನೆಯ ಪಾಠ 1982ರದು. ಆ ವರ್ಷದ ನಡುವೆ ತಾಮ್ರ ದುಬಾರಿಯಾಯಿತು ಅಂತ ಒಳಗೆ ಸತು ತುಂಬಿ, ಮೇಲೆ ತಾಮ್ರದ ತೆಳು ಲೇಪ ಕೊಟ್ಟರು. ಮೂರು ಗ್ರಾಂ ಚಿಲ್ಲರೆ ಇದ್ದದ್ದು ಎರಡೂವರೆ ಗ್ರಾಂ ಆಯಿತು. ನೋಡಲು ಎರಡೂ ಒಂದೇ. ಆದರೆ ಗ್ರಾನೈಟ್ ಕಟ್ಟೆಯ ಮೇಲೆ ಬೀಳಿಸಿದರೆ ತಾಮ್ರದ್ದು ಟಣ್ ಅನ್ನುತ್ತದೆ, ಸತುವಿನದು ಟಪ್ ಅಂತ ಸುಮ್ಮನಾಗುತ್ತದೆ. ಖೋಟಾ ರೂಪಾಯಿಯನ್ನು ನಮ್ಮ ಹಿರಿಯ ಕ್ಯಾಷಿಯರುಗಳು ಮೇಜಿಗೆ ಬಡಿದು ಹಿಡಿಯುತ್ತಿದ್ದದ್ದೂ ಹೀಗೇ ಅಲ್ವಾ?

ಆ ಪೆಟ್ಟಿಗೆಯಲ್ಲಿ ನನಗೆ ಸಿಕ್ಕಿದ್ದು ಏಳು ತೆನೆ ಪೆನ್ನಿ. ಜೊತೆಗೆ ರಾಣಿ ಎಲಿಜಬೆತ್ ಮುಖದ ಕೆನಡಾದ ನಾಲ್ಕು ಸೆಂಟು. ಗಡಿ ದೂರವಿಲ್ಲ, ಅವು ನುಸುಳಿ ಬರುತ್ತವೆ. ಏಳೂ ಸೇರಿ ಒಂದು ಕಾಫಿಯ ಬೆಲೆಯೂ ಇರಲಿಲ್ಲ ಅನ್ನಿ. ಆದರೂ ರಾತ್ರಿ ನಿದ್ದೆ ಬರಲಿಲ್ಲ.

ಪೆನ್ನಿ ಹುಡುಕುವವರೆಲ್ಲ ಹೇಳುವ ಕತೆ ಒಂದಿದೆ. ಎರಡನೇ ಮಹಾಯುದ್ಧಕ್ಕೆ ತಾಮ್ರ ಬೇಕಾಗಿ, 1943ರಲ್ಲಿ ಪೆನ್ನಿಯನ್ನು ಉಕ್ಕಿನಲ್ಲಿ ಮಾಡಿ ಮೇಲೆ ಸತು ಬಳಿದರು. ಹಿಂದಿನ ವರ್ಷದ ತಾಮ್ರದ ಬಿಲ್ಲೆ ಕೆಲವು ಯಂತ್ರದಲ್ಲೇ ಉಳಿದಿದ್ದವೋ ಏನೋ, ಬೆರಳೆಣಿಕೆಯಷ್ಟು ಪೆನ್ನಿ ತಾಮ್ರದಲ್ಲೇ ಹೊರಬಂದವು. ಅಂಥದ್ದೊಂದು 1947ರಲ್ಲಿ ಮ್ಯಾಸಚೂಸೆಟ್ಸ್‌ನ ಒಬ್ಬ ಹುಡುಗನಿಗೆ ಶಾಲೆಯ ಊಟದ ಚಿಲ್ಲರೆಯಲ್ಲಿ ಸಿಕ್ಕಿತು. ಜೀವಮಾನವಿಡೀ ಜೋಪಾನ ಮಾಡಿದ. 2019ರ ಜನವರಿಯಲ್ಲಿ ಹರಾಜಾದಾಗ ಅದಕ್ಕೆ ಬಂದದ್ದು ಎರಡು ಲಕ್ಷ ನಾಲ್ಕು ಸಾವಿರ ಡಾಲರ್. ಆಸೆಗೆ ಬಿದ್ದು ಉಕ್ಕಿನ ಪೆನ್ನಿಗೆ ತಾಮ್ರ ಬಳಿದವರೂ ಇದ್ದಾರೆ. ಅದಕ್ಕೇ ನಾಣ್ಯ ಹುಡುಕುವವರ ಜೇಬಿನಲ್ಲಿ ಒಂದು ಅಯಸ್ಕಾಂತ ಇರುತ್ತದೆ. ಅಂಟಿಕೊಂಡರೆ ಉಕ್ಕು, ಕನಸು ಅಲ್ಲಿಗೆ ಮುಗಿಯಿತು.

ಈ ಕತೆ ಕೇಳುವಾಗ ನನಗೆ ನಮ್ಮಜ್ಜಿಯ ತೂತಿನ ಕಾಸು ನೆನಪಾಯಿತು. ಅದೂ 1943ರಲ್ಲೇ ಶುರುವಾದದ್ದು! ಅದೇ ಯುದ್ಧ, ಅದೇ ತಾಮ್ರದ ಬರ. ಅಲ್ಲಿ ಲೋಹವನ್ನೇ ಬದಲಾಯಿಸಿದರು, ಇಲ್ಲಿ ನಡುವೆ ತೂತು ಕೊರೆದು ಲೋಹ ಉಳಿಸಿದರು. ಅಜ್ಜಿ ಅವನ್ನು ದಾರಕ್ಕೆ ಪೋಣಿಸಿ ಅಡುಗೆಮನೆಯ ಗೂಟಕ್ಕೆ ನೇತುಹಾಕಿದ್ದರು. ಅದೇ ಅವರ ಬ್ಯಾಂಕು.

ಪೆನ್ನಿಯಿಂದ ನಾನು ನಿಕಲ್‌ಗೆ ಬಡ್ತಿ ಪಡೆದೆ. ನಿಕಲ್ ಅಂದರೆ ಐದು ಸೆಂಟು, ರೋಲಿಗೆ ನಲವತ್ತು. ಯುದ್ಧಕ್ಕೆ ನಿಕಲ್ ಲೋಹವೂ ಬೇಕಾಗಿತ್ತು. ಹಾಗಾಗಿ 1942ರ ಅಕ್ಟೋಬರಿನಿಂದ 1945ರವರೆಗೆ ನಿಕಲ್ ನಾಣ್ಯದಲ್ಲಿ ನಿಕಲ್ಲೇ ಇರಲಿಲ್ಲ. ಬದಲಿಗೆ ನೂರಕ್ಕೆ ಮೂವತ್ತೈದು ಪಾಲು ಬೆಳ್ಳಿ. ಯುದ್ಧ ಮುಗಿದ ಮೇಲೆ ಆರಿಸಿ ತೆಗೆಯಲು ಗುರುತು ಬೇಕಲ್ಲ? ಹಿಂಬದಿಯ ಗುಮ್ಮಟದ ನೆತ್ತಿಯ ಮೇಲೆ ಟಂಕಸಾಲೆಯ ಅಕ್ಷರವನ್ನು ದೊಡ್ಡದಾಗಿ ಒತ್ತಿದರು. ಫಿಲಡೆಲ್ಫಿಯಾದ 'ಪಿ' ಅಕ್ಷರ ಅಮೆರಿಕದ ನಾಣ್ಯದ ಮೇಲೆ ಕಾಣಿಸಿಕೊಂಡದ್ದೇ ಆಗ ಮೊದಲು. ಒಂದು ಮಧ್ಯಾಹ್ನ ಅಂಥದ್ದು ನನ್ನ ಕೈಗೆ ಬಂತು. ಮಸಿ ಹಿಡಿದ ಹಾಗೆ ಕಪ್ಪಗಿತ್ತು. ಎಪ್ಪತ್ತಾರು ವರ್ಷ ಯಾರಿಂದ ಯಾರಿಗೋ ಓಡಾಡಿದೆ, ಯಾರೂ ನೆತ್ತಿ ನೋಡಿಲ್ಲ.

ದೊಡ್ಡ ಬೇಟೆ ಅಂದರೆ ಅರ್ಧ ಡಾಲರ್. ಕೆನಡಿ ಹತ್ಯೆಯಾದ ಮರುವರ್ಷ, 1964ರಲ್ಲಿ, ಅವರ ಮುಖವಿಟ್ಟು ಹೊರತಂದದ್ದು. ನೂರಕ್ಕೆ ತೊಂಬತ್ತು ಪಾಲು ಬೆಳ್ಳಿ. 1965ರಿಂದ 1970ರವರೆಗೆ ನಲವತ್ತು. 1971ರಿಂದ ಸೊನ್ನೆ. ಮುಖ ಮಾತ್ರ ಅದೇ. ನಾಣ್ಯಗಳನ್ನು ಪೇರಿಸಿ ಅಂಚು ನೋಡಬೇಕು. ಬೆಳ್ಳಿಯಿಲ್ಲದ್ದಕ್ಕೆ ನಡುವೆ ತಾಮ್ರದ ಗೆರೆ ಎದ್ದು ಕಾಣುತ್ತದೆ, ತೊಂಬತ್ತರದು ಪೂರ್ತಿ ಬಿಳಿ. ನಮ್ಮಲ್ಲೂ 1940ರಲ್ಲಿ ರೂಪಾಯಿಯ ಬೆಳ್ಳಿ ಅರ್ಧಕ್ಕಿಳಿಯಿತು, 1947ರಲ್ಲಿ ನಿಕಲ್ ಆಯಿತು. ಹಳೆಯ ರೂಪಾಯಿಗಳು ಮಡಕೆ, ಪೆಟ್ಟಿಗೆ ಸೇರಿದವು.

ಅರ್ಧ ಡಾಲರ್ ಕೌಂಟರಿನಲ್ಲಿ ಸಿಗುವುದೇ ಕಷ್ಟ, ಮೊದಲೇ ಹೇಳಿ ತರಿಸಬೇಕು. ಪೆಟ್ಟಿಗೆಗೆ ಐನೂರು ಡಾಲರ್. ಅಳಿಯ ಏನೂ ಅನ್ನಲಿಲ್ಲ, ಕನ್ನಡಕ ತೆಗೆದು ಒರೆಸಿಕೊಂಡರು ಅಷ್ಟೆ. ಸಾವಿರ ನಾಣ್ಯ ನೋಡಿದೆ. ಸಿಕ್ಕಿದ್ದು 1967ರದು ಒಂದೇ ಒಂದು. ನನಗಿಂತ ಮುಂಚೆ ಎಷ್ಟು ಕೈಗಳು ಆ ಪೆಟ್ಟಿಗೆಯನ್ನು ಜರಡಿ ಹಿಡಿದಿದ್ದವೋ!

ಒಂದು ನಡವಳಿಕೆ ನನಗೆ ತುಂಬಾ ಹಿಡಿಸಿತು. ರೋಲು ತಂದ ಬ್ಯಾಂಕಿಗೇ ನಾಣ್ಯ ವಾಪಸ್ ಕೊಡಬಾರದು. ಕೊಟ್ಟರೆ ಮುಂದಿನ ವಾರ ನಿಮ್ಮ ಜರಡಿಯೇ ನಿಮಗೆ ತಿರುಗಿ ಬರುತ್ತದೆ. ಅದಕ್ಕಿಂತ ಮುಖ್ಯ, ಕೌಂಟರಿನಲ್ಲಿ ಕೂತವರಿಗೂ ಜೀವ ಇದೆ. ಎರಡೂವರೆ ಸಾವಿರ ಪೆನ್ನಿ ಹೊತ್ತು ತರುವವನನ್ನು ಯಾವ ಕ್ಯಾಷಿಯರ್ ತಾನೇ ಪ್ರೀತಿಸಿಯಾನು?

ಊರಿಗೆ ಬಂದ ಮೇಲೆ ಇಲ್ಲೂ ಶುರುಮಾಡಿದೆ. ನಮ್ಮಲ್ಲಿ ಕಾಗದದ ರೋಲಿಲ್ಲ, ನೂರು ನಾಣ್ಯದ ಪ್ಲಾಸ್ಟಿಕ್ ಪೊಟ್ಟಣ. ವರ್ಷದ ಅಂಕಿಯ ಕೆಳಗೆ ಕಣ್ಣಿಟ್ಟು ನೋಡಿ. ನಕ್ಷತ್ರ ಇದ್ದರೆ ಹೈದರಾಬಾದ್, ವಜ್ರದಾಕಾರ ಇದ್ದರೆ ಮುಂಬೈ, ಚುಕ್ಕೆ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. 2006ರಲ್ಲಿ ಬಂದ ಬಸವಣ್ಣನವರ ಐದು ರೂಪಾಯಿ ನನಗೆ ಕಿರಾಣಿ ಅಂಗಡಿಯ ಚಿಲ್ಲರೆಯಲ್ಲೇ ಸಿಕ್ಕಿತು. ಹಾಗಂತ ವೈಷ್ಣೋದೇವಿ ನಾಣ್ಯಕ್ಕೆ ಹತ್ತು ಲಕ್ಷ ಅಂತ ಫೋನಿನಲ್ಲಿ ಬರುವ ಸುದ್ದಿ ನಂಬಬೇಡಿ. ಅದು 2012ರ ನಾಣ್ಯ, ಬೇಕಾದಷ್ಟಿವೆ. ಹಳೇ ನಾಣ್ಯ ಕೊಳ್ಳುತ್ತೇವೆ, ಮೊದಲು ಶುಲ್ಕ ಕಟ್ಟಿ ಅಂತ ತನ್ನ ಹೆಸರಿನಲ್ಲಿ ಮೋಸ ಮಾಡುವವರ ಬಗ್ಗೆ ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಿದೆ.

ಒಂದು ವಿಷಯ ಹೇಳಿಬಿಡಬೇಕು. 2011ರ ಜೂನ್ 30ರಿಂದ ನಾಲ್ಕಾಣೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳು ರದ್ದಾದವು. ಅದರ ಹಿಂದಿನ ವಾರ ನಮ್ಮ ಶಾಖೆಗೆ ಒಬ್ಬ ಅಜ್ಜಿ ಸೀರೆಯ ಸೆರಗಿನಷ್ಟು ಬಟ್ಟೆಯಲ್ಲಿ ಗಂಟು ಕಟ್ಟಿ ಚಿಲ್ಲರೆ ತಂದರು. 'ಎಣಿಸ್ಕೊಳ್ಳಪ್ಪ, ನಮ್ಮೆಜಮಾನ್ರು ಕೂಡಿಟ್ಟಿದ್ದು' ಅಂದರು. ಹಿಂದೆ ಉದ್ದ ಸಾಲಿತ್ತು. ಎಣಿಸಿದೆ. ಹಳದಿ ಬಣ್ಣದ, ತಾವರೆ ಹೂವಿನ ಇಪ್ಪತ್ತು ಪೈಸೆಗಳು ಬೆರಳಿನಡಿ ಹಾದುಹೋದದ್ದು ಈಗಲೂ ಕಣ್ಣಿಗೆ ಕಟ್ಟುತ್ತದೆ. 1968ರಿಂದ 71ರವರೆಗೆ ಮಾತ್ರ ಬಂದ ವಿನ್ಯಾಸ. ಗಾಂಧಿ ಶತಮಾನದ್ದೂ ಇದ್ದವೇನೋ. ಬೆಲೆ ಭಾರಿ ಏನಲ್ಲ. ಆದರೆ 'ಅಜ್ಜಿ, ಇದರಲ್ಲಿ ನಾಲ್ಕು ಇಟ್ಕೊಳ್ಳಿ' ಅಂತ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ನೋಟು ಕೊಟ್ಟೆ, ಚೀಲ ಕಟ್ಟಿ ಸೀಲು ಒತ್ತಿದೆ.

2025ರ ನವೆಂಬರ್ 12ರಂದು ಫಿಲಡೆಲ್ಫಿಯಾದಲ್ಲಿ ಚಲಾವಣೆಯ ಕೊನೆಯ ಪೆನ್ನಿ ಅಚ್ಚಾಯಿತು. ಒಂದು ಪೆನ್ನಿ ಮಾಡಲು ಮೂರು ಸೆಂಟಿಗೂ ಜಾಸ್ತಿ ಖರ್ಚಾಗುತ್ತಿತ್ತಂತೆ. ಮೊಮ್ಮಗಳು ಫೋನ್ ಮಾಡಿ, 'ತಾತ, ನೀವು ಬಿಟ್ಟುಹೋದ ಪೆನ್ನಿ ಡಬ್ಬ ಇನ್ನೂ ಇಲ್ಲೇ ಇದೆ, ಅರ್ಧ ನೀವು ನೋಡೇ ಇಲ್ಲ' ಅಂದಳು. ಅಡುಗೆಮನೆಯ ತಕ್ಕಡಿ, ಒಂದು ಭೂತಗನ್ನಡಿ ತಗೊಂಡು ಕೂತ್ಕೋ ಅಂತ ಹೇಳಿದ್ದೇನೆ. ಭಾನುವಾರಕ್ಕೊಮ್ಮೆ ವಿಡಿಯೊ ಕಾಲ್‌ನಲ್ಲಿ ಒಂದೊಂದು ರೋಲು ಬಿಡಿಸುತ್ತಿದ್ದೇವೆ. ಹೋದ ವಾರ 1944 ಸಿಕ್ಕಿತು.

ನಮಸ್ಕಾರ.